ಎರಡು ಗಂಟೆಯ ಸೈರನ್

"ನೀನು ವೃದ್ಧಾಶ್ರಮ ನಡೆಸೋದು ಆಗದ ಮಾತು ಕಣೆ" ಎಂದು ಮೊದಲು ಹೇಳಿದವರು ನಮ್ಮ ಸೋದರಮಾವ ಬಸಣ್ಣ. ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಅವರ ತೀರ್ಪಿಗೆ ಮೇಲ್ಮನವಿ ಇರುತ್ತಿರಲಿಲ್ಲ. "ಮುದುಕರನ್ನ ನೋಡ್ಕೊಳ್ಳೋಕೆ ಡಿಗ್ರಿ ಯಾಕೆ ಮಾರಾಯ್ತಿ? ಆರೇ ತಿಂಗಳು. ಆಮೇಲೆ ನೀನೇ ಬೀಗ ಹಾಕ್ತೀಯ."

ನನಗೆ ರೇಗಿತು. ನಮ್ಮ ವಂಶದಲ್ಲಿ ಪದವಿ ಕಂಡ ಮೊದಲ ಜೀವಿ ನಾನು. ವಿಶ್ವವಿದ್ಯಾಲಯಕ್ಕೆ ಹೋಗುವ ಶಂಕರಘಟ್ಟದ ಬಸ್ಸಿನಲ್ಲಿ ಎರಡು ವರ್ಷ ಒಂಟಿಕಾಲಲ್ಲಿ ನಿಂತು ಸಮಾಜಕಾರ್ಯದ ಎಂ.ಎ. ಮುಗಿಸಿದವಳು. ವೃದ್ಧರ ಆರೈಕೆಯ ಪತ್ರಿಕೆಯಲ್ಲಿ ಇಡೀ ತರಗತಿಗೆ ಹೆಚ್ಚು ಅಂಕ ನನ್ನದೇ! ಇನ್ನೇನು ಬೇಕು?

ಬೇಕಾದದ್ದು ಆಯಾಗಳು. ಅದು ಗೊತ್ತಾದದ್ದು ಸವಳಂಗ ರಸ್ತೆಯಲ್ಲಿ ಬಾಡಿಗೆ ಮನೆ ಹಿಡಿದು, ಎಂಟು ಜನ ಹಿರಿಯರನ್ನು ಸೇರಿಸಿಕೊಂಡ ಮೇಲೆ. ಮೊದಲನೆಯ ಆಯಾ ತಂಗಿಯ ಮದುವೆಗೆಂದು ನಾಲ್ಕು ದಿನ ರಜೆ ಹಾಕಿ ಹೋದಳು. ಆ ಮದುವೆ ಇನ್ನೂ ಮುಗಿದಿಲ್ಲ. ಎರಡನೆಯವಳು ಮೂರನೇ ದಿನವೇ ಕೈಮುಗಿದಳು. "ಮನೇಲಿ ಒಬ್ಬ ಅತ್ತೇನ ತಡ್ಕೊಳ್ಳೋಕಾಗದೆ ಕೆಲಸಕ್ಕೆ ಬಂದೆ ಅಕ್ಕಾ. ಇಲ್ಲಿ ನೋಡಿದ್ರೆ ಎಂಟು!" ಕೊನೆಗೆ ಉಳಿದವಳು ಗಂಗಮ್ಮ. ಅವಳಿಗೇ ಮಂಡಿನೋವು.

ಎಂಟು ಜನರಲ್ಲಿ ಐವರು ಗಂಡಸರು ಮಾವನ ಕಾರ್ಖಾನೆಯವರೇ. ಅವರಲ್ಲೊಬ್ಬರು ಮುನಿಸ್ವಾಮಿ. ಬೆಳಗ್ಗೆ ತಿಂದ ಇಡ್ಲಿ ಮರೆತುಹೋಗುತ್ತಿತ್ತು, ಮೂವತ್ತು ವರ್ಷದ ಕೆಲಸ ಮರೆತಿರಲಿಲ್ಲ. ಆಗಾಗ ಊಟದ ಡಬ್ಬಿ ಹಿಡಿದು ಗೇಟಿನ ಬಳಿ ನಿಂತು "ಡ್ಯೂಟಿಗೆ ಟೈಮ್ ಆಯ್ತಮ್ಮಾ, ತೆಗಿ" ಎನ್ನುತ್ತಿದ್ದರು. ಈ ಕಾರಣಕ್ಕೇ ಅವರನ್ನು ಇನ್ನೆರಡು ಆಶ್ರಮಗಳು ಒಲ್ಲೆ ಎಂದಿದ್ದವು. ಹಿಂದೆ ಮುಂದೆ ಯಾರೂ ಇರಲಿಲ್ಲ. ನಾನು ಓದಿದವಳಲ್ಲವೇ? ಗೇಟಿಗೆ ಒಂದು ದೊಡ್ಡ ಬೀಗ ಹಾಕಿದೆ. ಅವರು ಸರಳು ಹಿಡಿದು ನಿಂತಿರುತ್ತಿದ್ದರು. ನಾನು ಬೇರೆ ಕಡೆ ನೋಡುತ್ತಿದ್ದೆ.

ಅಷ್ಟರಲ್ಲಿ ಇಲಾಖೆಯಿಂದ ಪತ್ರ ಬಂತು. ಅಧಿಕಾರಿಗಳು ತಪಾಸಣೆಗೆ ಬರುತ್ತಾರೆ. ನೋಂದಣಿ ಪ್ರಮಾಣಪತ್ರ ಸಿಗದಿದ್ದರೆ ಆಶ್ರಮ ಮುಚ್ಚಬೇಕು. ಉಳಿದವರನ್ನು ಯಾರಾದರೂ ಕರೆದೊಯ್ಯಬಹುದು. ಮುನಿಸ್ವಾಮಿಯವರನ್ನು?

ಶಿಸ್ತು ತೋರಿಸಬೇಕೆಂದು ನಿರ್ಧರಿಸಿದೆ. ಮಧ್ಯಾಹ್ನದ ಮಾತ್ರೆಗೆ ಒಬ್ಬೊಬ್ಬರನ್ನೇ ಕರೆತರುವಷ್ಟರಲ್ಲಿ ಗಂಗಮ್ಮನಿಗೇ ಮಾತ್ರೆ ಬೇಕಾಗುತ್ತಿತ್ತು. ಗಂಟೆ ಬಾರಿಸಿದೆ. ಅರ್ಧ ಜನಕ್ಕೆ ಕೇಳಿಸಲಿಲ್ಲ. ಸೀಟಿ ಊದಿದೆ. "ನಾವೇನು ಸ್ಕೂಲ್ ಮಕ್ಕಳಾ?" ಎಂದು ಮುನಿಸಿಕೊಂಡರು. ಆಗ ಹೊಳೆಯಿತು ನೋಡಿ, ಸೈರನ್! ಭದ್ರಾವತಿಯ ಗುಜರಿ ಅಂಗಡಿಯಲ್ಲಿ ಹಳೆಯದೊಂದು ಸಿಕ್ಕಿತು. ತಪಾಸಣೆಯ ದಿನ, ಅಧಿಕಾರಿಗಳ ಸಮ್ಮುಖದಲ್ಲೇ, ಸರಿಯಾಗಿ ಎರಡು ಗಂಟೆಗೆ ಅದರ ಉದ್ಘಾಟನೆ ಎಂದು ಘೋಷಿಸಿಕೊಂಡೆ.

ಆ ದಿನ ಮಾವನೂ ಬಂದು ಜಗುಲಿಯಲ್ಲಿ ಕೂತರು. ನಾನು ಮುಗ್ಗರಿಸುವುದನ್ನು ಕಣ್ಣಾರೆ ನೋಡಬೇಕಿತ್ತು. ಅಧಿಕಾರಿಗಳ ಜೀಪಿಗಾಗಿ ಗೇಟು ತೆರೆದದ್ದಾಯಿತು.

"ಸರ್, ಈಗ ನಮ್ಮ ಮಾತ್ರೆ ವ್ಯವಸ್ಥೆ ನೋಡಿ" ಎಂದು ಸ್ವಿಚ್ ಒತ್ತಿದೆ.

ಸೈರನ್ ಮೊಳಗಿತು. ಮುನಿಸ್ವಾಮಿ ಎದ್ದರು, ಚಪ್ಪಲಿ ಮೆಟ್ಟಿದರು, ಡಬ್ಬಿ ಹಿಡಿದರು, ಗೇಟು ದಾಟಿದರು! ಅವರ ಹಿಂದೆ ಉಳಿದ ನಾಲ್ವರು. ಅವರ ಹಿಂದೆ ನಮ್ಮ ಮಾವ!

ಎರಡು ಗಂಟೆಯ ಸೈರನ್ ಎಂದರೆ ಕಾರ್ಖಾನೆಯ ಸೆಕೆಂಡ್ ಷಿಫ್ಟ್ ಶುರು. ಭದ್ರಾವತಿಯಲ್ಲಿ ಅದನ್ನು ಕೇಳುತ್ತಲೇ ಹುಟ್ಟಿ ಬೆಳೆದ ನನಗೇ ಅದು ನೆನಪಾಗಿರಲಿಲ್ಲ. ಹೆಚ್ಚು ಅಂಕ!

"ರಿಜಿಸ್ಟರಿನಲ್ಲಿ ಎಂಟು ಜನ ಅಂತ ಇದೆ" ಎಂದರು ಅಧಿಕಾರಿ, ಉಳಿದ ಮೂವರು ಅಜ್ಜಿಯರನ್ನು ಎಣಿಸಿ.

ಅಧಿಕಾರಿಯೂ ನಾನೂ ರಸ್ತೆಗೆ ಓಡಿದೆವು. ತಿರುವಿನ ಟೀ ಅಂಗಡಿಯ ಮುಂದೆ ಆರೂ ಜನ ಸಿಕ್ಕರು. ಮುನಿಸ್ವಾಮಿ ಸುತ್ತ ಐವರು.

ಮಾವ ಹೇಳುತ್ತಿದ್ದರು: "ಲೇ ಮುನಿಸ್ವಾಮಿ, ಮಿಷಿನ್ ಕೆಟ್ಟಿದೆಯಂತೆ ಮಾರಾಯ. ಇವತ್ತು ಡ್ಯೂಟಿ ಇಲ್ಲ, ನಾಳೆ ಬಾ ಅಂದ್ರು."

"ಹಾಜರಿ?"

"ಹಾಕ್ಸಿದೀನಿ. ಟೀ ಕುಡಿ."

ಮುನಿಸ್ವಾಮಿ ನಿಧಾನವಾಗಿ ಟೀ ಕುಡಿದರು. ತಾವಾಗಿಯೇ ಆಶ್ರಮದ ಕಡೆ ತಿರುಗಿದರು. ಅವರ ಮುಖದಲ್ಲಿ ಅಂಥ ಸಮಾಧಾನವನ್ನು ನಾನು ನೋಡಿಯೇ ಇರಲಿಲ್ಲ.

"ಎಲ್ಲಾ ಎದ್ದು ಹೊರಟ್ರಲ್ಲ, ಯಾಕೆ ಮಾವ?" ಎಂದೆ.

"ಅವನನ್ನ ಒಬ್ಬನ್ನೇ ಕಳಿಸೋಕಾಗತ್ತೇನೆ?"

ಅಧಿಕಾರಿ ನನ್ನತ್ತ ತಿರುಗಿದರು. "ಇದು ನಿಮ್ಮ ಯೋಜನೆಯಾ?"

ಹೌದು ಎನ್ನಬಹುದಿತ್ತು. "ಅಲ್ಲ ಸರ್. ನನ್ನ ಯೋಜನೆ ಬೀಗ."

ಅವರು ಏನನ್ನೋ ಬರೆದುಕೊಂಡು ಹೊರಟುಹೋದರು. ಒಂದು ತಿಂಗಳು ನನಗೆ ಅನ್ನ ಸೇರಲಿಲ್ಲ.

ಕಚೇರಿಯಿಂದ ಕರೆ ಬಂದಾಗ ಮಾವನೂ ಜೊತೆಗೆ ಬಂದರು. ಅಧಿಕಾರಿ ಪ್ರಮಾಣಪತ್ರ ಕೈಗಿಡುತ್ತಾ ಎರಡು ಷರತ್ತು ಹೇಳಿದರು: ಸೈರನ್ ಕಿತ್ತುಹಾಕಬೇಕು, ಮುನಿಸ್ವಾಮಿಯವರನ್ನು ದಿನಾ ಎರಡು ಗಂಟೆಗೆ ಒಬ್ಬರು ಟೀ ಅಂಗಡಿಯ ತನಕ ನಡೆಸಿಕೊಂಡು ಹೋಗಿ ಬರಬೇಕು.

ನಾನು ಆ ಕಾಗದವನ್ನು ನೋಡುತ್ತಾ ನಿಂತೆ. ಹೆಸರು ನನ್ನದೇ ಇತ್ತು, ಮುಂದೆ ಡಿಗ್ರಿಯೂ ಇತ್ತು. ಮಾವ ಏನಾದರೂ ಹೊಗಳಿಯಾರೆಂದು ಕಾದೆ.

ಅವರು ಗಡಿಯಾರ ನೋಡಿದರು. "ಅದನ್ನ ಆಮೇಲೆ ಓದ್ಕೊಳೆ ಮಾರಾಯ್ತಿ, ಬೇಗ ನಡಿ. ನಂಗೆ ಸೆಕೆಂಡ್ ಷಿಫ್ಟ್ ಇದೆ."