ನೀರು ಬಿಡಿ, ಬಾಗಿಲು ತೆಗೆಯಿರಿ

"ಮುಟ್ಟಬೇಡಿ ಅಂದೆ, ಅಷ್ಟೇ. ನಿಮಗೆ ಬರಲ್ಲ ಅಂತ ಎಲ್ಲಿ ಅಂದೆ?"

ಹೆಂಡತಿ ಚಪ್ಪಲಿ ಮೆಟ್ಟುತ್ತಾ ಆಡಿದ ಈ ಮಾತಿನಲ್ಲಿ ಒಂದೇ ಒಂದು ವ್ಯಾಕರಣದ ತಪ್ಪೂ ಇರಲಿಲ್ಲ. ಹಾಗಾಗಿ ಗಂಡನ ಕೈ ಜೇಬಿನ ಕೆಂಪು ಪೆನ್ನಿನವರೆಗೆ ಹೋಗಿ ಹಿಂದಕ್ಕೆ ಬಂತು.

"ಸಂಜೆ ಐದಕ್ಕೆ ಅಣ್ಣ ಬರ್ತಾನೆ, ಅವನೇ ನೋಡ್ಕೋತಾನೆ. ಮೆಷಿನ್ ಒಳಗೆ ನನ್ನ ಎರಡೂ ಯೂನಿಫಾರ್ಮ್ ಇದಾವೆ, ನಾಳೆ ಡ್ಯೂಟಿಗೆ ಬೇಕು. ಯಾರದೋ ಕಂಪನಿಗೆ ಮೂರು ಸಾವಿರ ವಾಕ್ಯ ತಿದ್ದಿಕೊಡೋಕೆ ನಿಮಗೆ ಪುರುಸೊತ್ತಿತ್ತು. ಮನೆ ನಲ್ಲಿಗೆ ಒಂದು ತಿರುಪು ಹಾಕೋಕೆ ಎರಡು ವರ್ಷದಿಂದ ಇಲ್ಲ." ಇಷ್ಟು ಹೇಳಿ ಅವಳು ಆಸ್ಪತ್ರೆಗೆ ಹೊರಟಳು. ನರ್ಸ್ ಆದವಳು ಇಂಜೆಕ್ಷನ್ ಕೊಟ್ಟ ಮೇಲೆ ನಿಲ್ಲುವುದಿಲ್ಲ.

ಅವನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಇಪ್ಪತ್ತಾರು ವರ್ಷದಿಂದ ಕೆಂಪು ಪೆನ್ನೇ ಅವನ ಆಯುಧ. ಕಟ್ಟಡದ ಜನ ಅವನನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟು ಯಾವುದೋ ಕಾಲವಾಗಿತ್ತು. ಎಲ್ಲರಿಗೂ ಅವನು 'ತಿದ್ದುಪಡಿ'. ಎದುರುಮನೆಯ ಟೈಲರಮ್ಮ ಬಾಗಿಲಿಗೆ 'ಬಟ್ಟೆ ಹೋಲಿದು ಕೊಡಲಾಗುವುದು' ಎಂದು ಬೋರ್ಡು ಹಾಕಿಕೊಂಡು ಎಂಟು ವರ್ಷ ನೆಮ್ಮದಿಯಾಗಿದ್ದಳು. ಇವನು ಬಂದು, ಬಟ್ಟೆ ಯಾರನ್ನೂ ಹೋಲುವುದಿಲ್ಲ ತಾಯಿ, ಅದನ್ನು ಹೊಲಿಯುವುದು, ಎಂದು ದೀರ್ಘ ಅಳಿಸಿ ಹೋದ. ಕೆಳಮನೆಯ ಪೋಸ್ಟ್‌ಮಾಸ್ಟರು ನಿವೃತ್ತರಾದ ಮೇಲೆ ಕಟ್ಟಡದ ಕಾರ್ಯದರ್ಶಿಯಾಗಿದ್ದರು. ಅವರು ಮೆಟ್ಟಿಲ ಬಳಿ 'ನಿರನ್ನು ಮಿತವಾಗಿ ಬಳಸಿ' ಎಂದು ಚೀಟಿ ಅಂಟಿಸಿದಾಗಲೆಲ್ಲ ಅರ್ಧ ಗಂಟೆಯೊಳಗೆ ಅದಕ್ಕೊಂದು ಕೆಂಪು ದೀರ್ಘ ಬಂದು ಕೂರುತ್ತಿತ್ತು.

ಇಂಥವನಿಗೆ ಮನೆಯ ಫ್ರಿಜ್ಜಿನ ಮೇಲಿದ್ದ ಒಂದು ಪಟ್ಟಿ ಮಾತ್ರ ತಿದ್ದಲಾಗದ ಕರಡಾಗಿತ್ತು. ತಲೆಬರಹ 'ಅಣ್ಣನಿಗೆ'. ಮೊದಲನೆಯದು ವಾಷಿಂಗ್ ಮೆಷಿನ್: ನಿನ್ನೆ ಹೊಟ್ಟೆತುಂಬ ನೀರು ಕುಡಿದು, ಬಟ್ಟೆಯನ್ನೂ ನುಂಗಿ, ಬಾಗಿಲು ಬಿಗಿದುಕೊಂಡು ನಿಂತುಬಿಟ್ಟಿತ್ತು. ಎರಡನೆಯದು ಅದರ ಹಿಂದಿನ ನಲ್ಲಿಯ ಸಡಿಲ ಹಿಡಿ. ಆಮೇಲೆ ಕಿಟಕಿಯ ಚಿಲಕ, ಸ್ಟೂಲಿನ ಕಾಲು. ಹೆಂಡತಿಯ ಅಣ್ಣ ಗ್ಯಾರೇಜು ಇಟ್ಟವನು. ಬಂದಾಗಲೆಲ್ಲ ಪಟ್ಟಿ ಮುಗಿಸಿ, ಕೈ ಒರೆಸಿಕೊಂಡು, ಒಂದು ಮಾತು ಹೇಳಿಯೇ ಹೋಗುತ್ತಿದ್ದ. ಹೋದ ಸಲ ಫ್ಯೂಸ್ ಹಾಕಿ ಹೇಳಿದ್ದು ಇದು: "ನಮ್ಮ ಭಾವನೋರಿಗೆ ಪದ ಗೊತ್ತು, ಪದಾರ್ಥ ಗೊತ್ತಿಲ್ಲ."

ಹೆಂಡತಿ ನಕ್ಕಳು. ಬಾಗಿಲಲ್ಲಿ ನಿಂತಿದ್ದ ಟೈಲರಮ್ಮನೂ ನಕ್ಕಳು. ಅವನಿಗೆ ಚುಚ್ಚಿದ್ದು ನಗುವಲ್ಲ. ಆ ಮಾತಿನಲ್ಲಿ ತಿದ್ದುವುದಕ್ಕೆ ಏನೂ ಇಲ್ಲದೇ ಹೋದದ್ದು.

ಮುದ್ರಣಾಲಯದ ಬೈಂಡರ್ ಅವನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟದ್ದು ಆಮೇಲೆ. ಯಾವ ವಸ್ತುವಿನ ಮುಂದೆ ಫೋನು ಹಿಡಿದರೂ ಪರದೆಯಲ್ಲಿ ಅದರ ಮೈ ಗಾಜಾಗುತ್ತಿತ್ತು. ಒಳಗಿನ ಚಕ್ರ, ಸುರುಳಿ, ಹಲ್ಲು ಎಲ್ಲ ತಿರುಗುತ್ತ ಕಾಣಿಸುತ್ತಿದ್ದವು. ಒಂದೊಂದರ ಮೇಲೂ ಕನ್ನಡದಲ್ಲಿ ಹೆಸರು. ರಿಪೇರಿ ಬೇಕೆಂದರೆ ಬಾಣಗಳು ತೇಲಿಬಂದು ತೋರಿಸುತ್ತಿದ್ದವು, ಒಬ್ಬ ಹೆಂಗಸಿನ ಅಶರೀರವಾಣಿ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತಿತ್ತು. ಒಂದು ವಾರ ಅವನು ಕದ್ದುಮುಚ್ಚಿ ಫ್ಯಾನು, ಜಿಪ್ಪು, ಸ್ಟೇಪ್ಲರ್ ನೋಡಿದ. ಮುಂಬಾಗಿಲ ಬೀಗದ ಮುಂದೆ ಮಂಡಿಯೂರಿ, ಕೀಲಿ ತಿರುಗಿದಾಗ ಗುಂಡಿಗಳು ಒಂದೊಂದಾಗಿ ಎದ್ದು ದಾರಿ ಬಿಡುವುದನ್ನು ಕಂಡಾಗ ಅವನ ಕಣ್ಣು ತುಂಬಿತ್ತು. ಐವತ್ತು ವರ್ಷ ಬೀಗ ಹಾಕಿ ತೆಗೆದಿದ್ದಾನೆ, ಒಂದು ದಿನವಾದರೂ ಅದರ ಕಷ್ಟಸುಖ ಕೇಳಿರಲಿಲ್ಲ. ಅದೇ ಹೊತ್ತಿಗೆ ಮೆಟ್ಟಿಲು ಹತ್ತಿ ಬಂದ ಪೋಸ್ಟ್‌ಮಾಸ್ಟರು, ಸ್ವಂತ ಮನೆಯ ಕೀಲಿಕಂಡಿಯಲ್ಲಿ ಇಣುಕುತ್ತಿದ್ದ ಗಂಡಸನ್ನು ನೋಡಿ, ಕೆಮ್ಮಿ, ಬಂದ ದಾರಿಯಲ್ಲೇ ಇಳಿದುಹೋಗಿದ್ದರು.

ಇವತ್ತು ರಜೆ. ಐದು ಗಂಟೆಯೊಳಗೆ ಆ ಪಟ್ಟಿಯ ಒಂದಾದರೂ ಸಾಲಿಗೆ ತನ್ನ ಕೈಯಿಂದಲೇ ಕೆಂಪು ಗೆರೆ ಎಳೆಯಬೇಕು. ಇಷ್ಟೇ ಅವನ ಆಸೆ.

ಎರಡೂ ಕೈಗೆ ಕೆಲಸವಿರುತ್ತದೆಂದು, ಫೋನಿಗೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಓದುವಂತೆ ಮಾಡಿ ಅದನ್ನು ಸ್ಟೂಲಿನ ಮೇಲೆ ಆನಿಸಿಟ್ಟ. ಪರದೆಯಲ್ಲಿ ಮೆಷಿನ್ನು ಗಾಜಿನ ಬಸುರಿಯಂತೆ ಕಂಡಿತು.

'ಪ್ಲಗ್ ತೆಗೆಯಿರಿ,' ಎಂದಿತು ವಾಣಿ. ತೆಗೆದ. 'ನಲ್ಲಿ ಮುಚ್ಚಿ, ಕೊಳವೆ ತೆಗೆಯಿರಿ.' ನಲ್ಲಿ ಮುಚ್ಚಿ ಕೊಳವೆ ತೆಗೆದ. 'ಕೆಳಮೂಲೆಯ ಮುಚ್ಚಳ ತೆಗೆಯಿರಿ.' ತೆಗೆದ. ತೆಗೆದದ್ದನ್ನೆಲ್ಲ ಹಳೇ ಪತ್ರಿಕೆಯ ಮೇಲೆ ಸಾಲಾಗಿ ಜೋಡಿಸಿ ಎದೆಯುಬ್ಬಿಸಿದ. ಇಷ್ಟು ಸುಲಭದ ಕೆಲಸಕ್ಕೆ ಆ ಗ್ಯಾರೇಜಿನವನು ಅಷ್ಟೊಂದು ಜಂಬ ಮಾಡುತ್ತಾನಲ್ಲ ಎನ್ನಿಸಿತು.

'ನೀರು ಬಿಡಿ.'

ಸ್ಟೂಲಿನ ಕಾಲು ಕುಂಟುತ್ತಿದ್ದುದರಿಂದ ಪರದೆಯ ನೀಲಿ ಬಾಣ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಓಲಾಡುತ್ತಿತ್ತು. ಬಾಣ ಯಾಕೆ ಬೇಕು, ಮಾತು ಗೊತ್ತಿಲ್ಲವೇ ತನಗೆ? ದಿನಾ ಬೆಳಿಗ್ಗೆ ಆರಕ್ಕೆ ಪೋಸ್ಟ್‌ಮಾಸ್ಟರು 'ನೀರು ಬಿಡುತ್ತಾರೆ'. ಬಿಟ್ಟರೆ ನಲ್ಲಿಯಲ್ಲಿ ಬರುತ್ತದೆ. ಅವನು ನಲ್ಲಿಯನ್ನು ಪೂರ್ತಿ ತಿರುಗಿಸಿದ.

ಕೊಳವೆ ಕಳಚಿಟ್ಟ ನಲ್ಲಿಯಿಂದ ನೀರು ನೇರ ಮುಖಕ್ಕೆ ಬಂತು, ಬಹಳ ದಿನದಿಂದ ಹೇಳಬೇಕೆಂದಿದ್ದ ಮಾತಿನ ಹಾಗೆ. ಕಣ್ಣುಮುಚ್ಚಿಕೊಂಡೇ ಹಿಂದಕ್ಕೆ ತಿರುಗಿಸಿದ. ನಲ್ಲಿ ನಿಲ್ಲಲಿಲ್ಲ, ಹಿಡಿ ಕೈಗೆ ಬಂತು. ಪಟ್ಟಿಯ ಎರಡನೇ ಸಾಲು.

ಟವೆಲ್ ತುರುಕಿದ, ಟವೆಲ್ ಹಾರಿತು. ಅಂಗೈ ಒತ್ತಿದ, ಅಂಗೈಯ ಸುತ್ತ ಕಾರಂಜಿ ಎದ್ದಿತು. ಅಷ್ಟರಲ್ಲಿ ವಾಣಿ, ಇಷ್ಟೆಲ್ಲ ಆದದ್ದು ತನಗೇನೂ ಗೊತ್ತಿಲ್ಲವೆಂಬಂತೆ, 'ಬಾಗಿಲು ತೆಗೆಯಿರಿ' ಎಂದಿತು. ಮುಂದಿನ ಹೆಜ್ಜೆ ಇಟ್ಟರೆ ಹಿಂದಿನದು ಸರಿಹೋದೀತು ಎಂಬ ಆಸೆಯಿಂದ ಅವನು ಬಾಗಿಲು ಎಳೆದ. ಬರಲಿಲ್ಲ. ಬಾಗಿಲ ಪಕ್ಕದಲ್ಲಿ ಎರಡು ತಿರುಪು ಕಂಡವು. ತೆಗೆಯುವುದೆಂದರೆ ಕಿತ್ತಿಡುವುದು. ಪ್ಲಗ್ಗಿಗೂ ಅದೇ ಅರ್ಥ, ಕೊಳವೆಗೂ ಅದೇ, ಮುಚ್ಚಳಕ್ಕೂ ಅದೇ. ಒಂದು ಪುಟದಲ್ಲಿ ಒಂದು ಪದಕ್ಕೆ ಒಂದೇ ಅರ್ಥ, ಇದು ಅವನ ವೃತ್ತಿಯ ಮೊದಲ ಪಾಠ. ತಿರುಪು ಬಿಚ್ಚಿ, ಸ್ಕ್ರೂಡ್ರೈವರ್ ಸಂದಿಗೆ ಕೊಟ್ಟು, ಮೈಭಾರ ಬಿಟ್ಟು ಮೀಟಿದ.

ಬಾಗಿಲು ಕೈಗೆ ಬಂತು. ಅದರ ಹಿಂದೆ ನಿನ್ನೆಯಿಂದ ಕಾದಿದ್ದ ನೀರೂ ಬಂತು. ಹೆಂಡತಿಯ ಯೂನಿಫಾರ್ಮೊಂದು ಸರಕ್ಕನೆ ಈಚೆ ಬಂದು, ತೌರಿಗೆ ಬಂದ ಮಗಳ ಹಾಗೆ ಅವನ ಮೊಣಕಾಲು ತಬ್ಬಿಕೊಂಡಿತು.

ಆಗ ಫೋನು ಅದೇ ಸಮಾಧಾನದ ದನಿಯಲ್ಲಿ ಓದಿತು: 'ಹೆಂಡತಿಯಿಂದ ಸಂದೇಶ. ಮುಟ್ಟಿಲ್ಲ ತಾನೇ?'

ಮೊದಲು ಬಂದವಳು ಟೈಲರಮ್ಮ, ಕೊರಳಲ್ಲಿ ಅಳತೆ ಟೇಪು. ಆಮೇಲೆ ಪೋಸ್ಟ್‌ಮಾಸ್ಟರು, ಕೊಡೆ ಬಿಡಿಸಿ ಹಿಡಿದುಕೊಂಡು. ಹೊರಗೆ ಬಿಸಿಲು ಸುಡುತ್ತಿತ್ತು. ಕೊಡೆ ಹಿಡಿದದ್ದು ತಮ್ಮ ಮನೆಯ ನಡುಮನೆಯಲ್ಲಿ, ಚಾವಣಿ ಸೋರತೊಡಗಿದಾಗ. ಒಳಗಿನ ನೋಟ ನೋಡಿದ್ದೇ ಹಿಂದಿರುಗಿ ಹೋಗಿ ಕಟ್ಟಡದ ಮುಖ್ಯ ವಾಲ್ವನ್ನೇ ಮುಚ್ಚಿದರು. ಇಲ್ಲಿ ಕಾರಂಜಿ ನಿಂತಿತು, ಜೊತೆಗೆ ಎಂಟೂ ಮನೆಯ ನೀರು ನಿಂತಿತು. ಮೂರನೇ ಮಹಡಿಯಿಂದ ತಲೆತುಂಬ ನೊರೆ ಹೊತ್ತ ಒಬ್ಬರು ಒಂದೇ ಕಣ್ಣು ಬಿಟ್ಟುಕೊಂಡು ಇಳಿದು ಬಂದು, ಯಾರು, ಯಾಕೆ ಎಂದು ಕೇಳಿದರು. ಎಲ್ಲರೂ ಒಂದು ದಿಕ್ಕಿಗೆ ತಿರುಗಿದರು.

ಅವನು ಆ ದಿಕ್ಕಿನಲ್ಲಿ ಮೆಷಿನ್ನಿನ ಬಾಗಿಲನ್ನು ಎದೆಗವಚಿಕೊಂಡು ನಿಂತಿದ್ದ. ಮುಖ ಮುಚ್ಚಿಕೊಳ್ಳೋಣವೆಂದು ಅದನ್ನು ಮೇಲೆತ್ತಿದ. ಅದು ಗಾಜಿನದು, ಉಬ್ಬು ಗಾಜು. ನಾಚಿಕೆಪಟ್ಟ ಮುಖ ಹೊರಗಿನವರಿಗೆ ಎರಡು ಪಟ್ಟು ದೊಡ್ಡದಾಗಿ ಕಂಡಿತು.

"ಬಾಗಿಲು ಯಾಕೆ ಕಿತ್ರಿ ಸಾರ್?" ಎಂದಳು ಟೈಲರಮ್ಮ, ರೋಗಿಯನ್ನು ಕೇಳುವಷ್ಟು ಮೆತ್ತಗೆ.

"ತೆಗೆಯಿರಿ ಅಂತು."

"ನಮ್ಮನೆ ಬಾಗಿಲು ತೆಗೀರಿ ಅಂದ್ರೂ ಹಿಂಗೇ ಕಿತ್ತಿಡ್ತೀರಾ?"

ಭೂಮಿ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದ. ಆದರೆ ಕೆಳಗಿದ್ದದ್ದು ಪೋಸ್ಟ್‌ಮಾಸ್ಟರ ಮನೆ. ಮುಳುಗುವವನಿಗೆ ಆಗ ಒಂದು ಹುಲ್ಲುಕಡ್ಡಿ ಸಿಕ್ಕಿತು. ತಪ್ಪು ತನ್ನದಲ್ಲ, ಈ ಆ್ಯಪಿನ ಕನ್ನಡ ಬರೆದವನದು ಎಂದ. ಕಳಚುವುದಕ್ಕೂ ತೆರೆಯುವುದಕ್ಕೂ ಒಂದೇ ಪದ ಹಾಕಿದ್ದಾನೆ, ಹೊರಗೆ ಹರಿಸುವುದಕ್ಕೂ ಒಳಗೆ ಬಿಡುವುದಕ್ಕೂ ವ್ಯತ್ಯಾಸ ತಿಳಿಯದವನು, ಅವನ ಕೈಗೆ ಭಾಷೆ ಕೊಟ್ಟದ್ದು ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗೆ, ಎಂದು ವಿವರಿಸಿದ. ಆ್ಯಪಿನಿಂದ ಮತ್ತೆ ಹೇಳಿಸಿ ಕೇಳಿಸಿದ ಕೂಡ. ಒದ್ದೆಯಾಗಿದ್ದ ಫೋನು ಹೇಳಿ ಮುಗಿಸಿ ಕಣ್ಣು ಮುಚ್ಚಿತು.

ಆಶ್ಚರ್ಯವೆಂದರೆ ಎಲ್ಲರೂ ಒಪ್ಪಿದರು. ಅವನನ್ನು ಕ್ಷಮಿಸುವುದಕ್ಕಿಂತ ಊರಿನಲ್ಲಿಲ್ಲದ ಇನ್ನೊಬ್ಬನನ್ನು ಬೈಯುವುದು ಹಿತವಾಗಿತ್ತು. ನೊರೆಯವರು ತಮ್ಮ ಕಣ್ಣುರಿಯ ಪಾಲನ್ನೂ ಸೇರಿಸಿ ಬೈದರು. ಇದನ್ನು ಹಾಗೇ ಬಿಡಬಾರದು, ಲಿಖಿತ ದೂರು ಹೋಗಬೇಕು ಎಂದರು ಪೋಸ್ಟ್‌ಮಾಸ್ಟರು. ಟೈಲರಮ್ಮ ತನ್ನ ಫೋನು ಕೊಟ್ಟಳು, ತನ್ನ ಹೆಸರಲ್ಲೇ ಕಳಿಸಿ ಎಂದಳು. ಅವನು ಒದ್ದೆ ನೆಲದ ನಡುವೆ ಕುಂಟು ಸ್ಟೂಲಿನ ಮೇಲೆ ಕೂತು ಬರೆದ. ಎಷ್ಟೋ ದಿನದ ಮೇಲೆ ಕೈಗೆ ಬಲ ಬಂದಿತ್ತು. ಕೊನೆಯ ಸಾಲಿಗೆ ತಕ್ಕ ಪೆಟ್ಟು ಬೇಕೆನ್ನಿಸಿ, ಸ್ವಲ್ಪ ಹಿಂಜರಿದು, ಹೀಗೆ ಮುಗಿಸಿದ: 'ಈ ವಾಕ್ಯಗಳನ್ನು ಸಿದ್ಧಪಡಿಸಿದ ಮಹಾಶಯರಿಗೆ ಪದ ಗೊತ್ತು, ಪದಾರ್ಥ ಗೊತ್ತಿಲ್ಲ.'

ಗಟ್ಟಿಯಾಗಿ ಓದಿದಾಗ ಪೋಸ್ಟ್‌ಮಾಸ್ಟರು, "ಭೇಷ್, ಸಾರ್" ಎಂದರು. ಆ ದಿನ ಅವನಿಗೆ ಸಿಕ್ಕಿದ ಒಳ್ಳೆಯ ಮಾತು ಅದೊಂದೇ.

ಐದಕ್ಕೆ ಹೆಂಡತಿಯೂ ಅವಳ ಅಣ್ಣನೂ ಒಟ್ಟಿಗೆ ಬಂದರು. ಹೆಂಡತಿ ನೆಲ ನೋಡಿದಳು, ಮೆಷಿನ್ನು ನೋಡಿದಳು, ಗಂಡನನ್ನು ನೋಡಿದಳು. ಯೂನಿಫಾರ್ಮು ಎತ್ತಿಕೊಂಡು ಹಿಂಡತೊಡಗಿದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅಣ್ಣ ಮಾತ್ರ ಅಂಗಿಯ ತೋಳು ಮಡಚಿ ಕೆಲಸಕ್ಕೆ ಕೂತ. ನಲ್ಲಿಗೆ ಹಿಡಿ ಕೂರಿಸಿದ, ಕೊಳವೆ ಸಿಕ್ಕಿಸಿದ, ಬಾಗಿಲು ಜೋಡಿಸಿದ. ನೆರೆಹೊರೆಯವರು ಜಾದೂ ನೋಡುವವರಂತೆ ಸುತ್ತ ನಿಂತರು. ಕೆಳಮೂಲೆಯ ಕಿಂಡಿಯಲ್ಲಿ ಎರಡು ಬೆರಳು ಹಾಕಿ, ನೀರಿಗೆ ಅಡ್ಡ ಕೂತಿದ್ದ ಏನನ್ನೋ ಎಳೆದು ಬೆಳಕಿಗೆ ಹಿಡಿದ.

ಕೆಂಪು ಪೆನ್ನಿನ ಮುಚ್ಚಳ.

ಎಲ್ಲರ ದೃಷ್ಟಿಯೂ ತಿದ್ದುಪಡಿಯ ಜೇಬಿಗೆ ಹೋಯಿತು. ಅಲ್ಲಿ ಪೆನ್ನು ಎರಡು ದಿನದಿಂದ ಬರಿದಲೆಯಲ್ಲಿತ್ತು. ಅಂಗಿಯ ಮೇಲೆ ರೂಪಾಯಿಯಗಲ ಕೆಂಪು.

"ಇರಲಿ ಬಿಡಿ ಭಾವನೋರೇ, ಆ್ಯಪಿನವನದೇ ತಪ್ಪಂತಲ್ಲ, ಇವರು ಹೇಳಿದ್ರು," ಎಂದ ಅಣ್ಣ ದೊಡ್ಡ ಮನಸ್ಸಿನಿಂದ. ಮುಚ್ಚಳವನ್ನು ಅವನ ಕೈಗಿಟ್ಟು, ಸ್ಟೂಲಿನ ಮೇಲಿದ್ದ ಸತ್ತ ಫೋನನ್ನೂ ಎತ್ತಿಕೊಂಡ. ಒರೆಸಿದ, ಊದಿದ, ಅಂಗೈಗೆ ಎರಡು ಸಲ ತಟ್ಟಿದ, ಗುಂಡಿ ಒತ್ತಿ ಹಿಡಿದ. ಆ ಕೈಯಲ್ಲಿ ಯಾವುದೂ ಸತ್ತಿರುವುದಿಲ್ಲ. ಫೋನು ಕಣ್ಣು ಬಿಟ್ಟಿತು, ಗಂಟಲು ಸರಿಮಾಡಿಕೊಂಡಿತು, ಓದತೊಡಗಿತು.

'ಹೊಸ ಪತ್ರ. ಮಾನ್ಯರೇ, ಎರಡು ವರ್ಷದ ಹಿಂದೆ ತಾವು ನಮಗೆ ತಿದ್ದಿಕೊಟ್ಟ ಮೂರು ಸಾವಿರ ವಾಕ್ಯಗಳ ಬಗ್ಗೆ ಇಂದು ಒಬ್ಬ ಮಹಿಳೆಯಿಂದ ದೂರು ಬಂದಿದೆ.'

ಅವನು ಫೋನಿಗೆ ಕೈಚಾಚಿದ. ಅಣ್ಣ ಫೋನನ್ನು ಸ್ವಲ್ಪ ಮೇಲೆ ಹಿಡಿದ.

'ಮೂಲದಲ್ಲಿ "ಬಾಗಿಲು ತೆರೆಯಿರಿ" ಎಂದಿದ್ದುದನ್ನು ತಾವು "ಏಕರೂಪತೆಗಾಗಿ" ಎಂಬ ಟಿಪ್ಪಣಿಯೊಂದಿಗೆ "ತೆಗೆಯಿರಿ" ಎಂದು ತಿದ್ದಿದ್ದೀರಿ. "ನೀರನ್ನು ಹೊರಗೆ ಹರಿಸಿ" ಎಂಬುದನ್ನು "ಉದ್ದವಾಯಿತು" ಎಂದು ಬರೆದು "ನೀರು ಬಿಡಿ" ಎಂದು ಮಾಡಿದ್ದೀರಿ. ದೂರಿನ ಕೊನೆಯ ವಾಕ್ಯ ನಮ್ಮೆಲ್ಲರ ಮನಸ್ಸಿಗೆ ತಟ್ಟಿದ್ದರಿಂದ ಹಾಗೇ ಕಳಿಸುತ್ತಿದ್ದೇವೆ: ಮಹಾಶಯರಿಗೆ ಪದ ಗೊತ್ತು, ಪದಾರ್ಥ ಗೊತ್ತಿಲ್ಲ. ವಿವರಣೆ ನೀಡಿ.'

ಯಾವುದಕ್ಕೆಂದು ಹೇಳದೆ, ಚಿತ್ರವೊಂದೂ ಇಲ್ಲದೆ, ಬರೀ ಅಂಕಿ ಹಾಕಿ ಕಳಿಸಿದ್ದ ಆ ವಾಕ್ಯಗಳನ್ನು ಅವನು ಬಸ್ಸಿನಲ್ಲಿ ಹೋಗುತ್ತ ಬರುತ್ತ ತಿದ್ದಿದ್ದ. ಅದನ್ನು ಈಗ ಯಾರಿಗೆ ಹೇಳುವುದು? ಟೈಲರಮ್ಮ ಟೇಪಿನ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದಳು. ಪೋಸ್ಟ್‌ಮಾಸ್ಟರು, ವಾಲ್ವ್ ತೆರೆದು ಬರುತ್ತೇನೆಂದು ಭುಜ ಕುಲುಕಿಸುತ್ತ ಇಳಿದುಹೋದರು.

"ಈ ಮಾತು ಎಲ್ಲೋ ಕೇಳ್ದಂಗಿದೆಯಲ್ಲ," ಎಂದ ಅಣ್ಣ.

ಹೆಂಡತಿ ಯೂನಿಫಾರ್ಮು ಹಿಂಡುವುದನ್ನು ನಿಲ್ಲಿಸಿದಳು. "ಸಾಕು ಬಿಡಣ್ಣ," ಎಂದಳು. ಆಮೇಲೆ ಗಂಡನ ಕಡೆ ತಿರುಗಿ, "ರೀ, ಹೊರಗೆ ಬಕೆಟ್ ಇದೆ, ಎತ್ಕೊಂಡು ಬನ್ನಿ. ಆ ಬಾಗಿಲು ತೆಗೀರಿ," ಎಂದು, ಒಂದು ಕ್ಷಣ ಯೋಚಿಸಿ, ತಾನೇ ಹೋಗಿ ಮುಂಬಾಗಿಲು ತೆರೆದು ಹಿಡಿದಳು.

ಅವನು ತಲೆ ತಗ್ಗಿಸಿ ಹೊರಗೆ ಬಂದ. ಮೆಟ್ಟಿಲ ಬಳಿ ಪೋಸ್ಟ್‌ಮಾಸ್ಟರು ಆಗಲೇ ಹೊಸ ಚೀಟಿ ಅಂಟಿಸಿ ಹೋಗಿದ್ದರು: 'ನಿರು ಬಿಟ್ಟಿದೆ.' ಅವನ ಕೈ ತಾನಾಗಿ ಜೇಬಿಗೆ ಹೋಗಿ ಪೆನ್ನು ಈಚೆ ತೆಗೆಯಿತು. ದೀರ್ಘ ಬೀಳಬೇಕಾದ ಜಾಗದ ಹತ್ತಿರ ಹೋಗಿ ನಿಂತಿತು.

ಅವನು ಇನ್ನೊಂದು ಕೈಯಲ್ಲಿದ್ದ ಮುಚ್ಚಳವನ್ನು ಪೆನ್ನಿಗೆ ಹಾಕಿ ಒತ್ತಿದ. ಮುಚ್ಚಳದೊಳಗೆ ಉಳಿದಿದ್ದ ಒಂದು ತೊಟ್ಟು ನೀರು ಚಿಮ್ಮಿ ಚೀಟಿಯ ಮೇಲೆ ಬಿತ್ತು.