ಹಚಾ ಅಂದರೆ ಓಡಿ ಬರುವ ನಾಯಿ

ನಾನು ಮೊದಲ ಸಲ ಮನೆ ಬಿಟ್ಟು ಹೋದದ್ದು ಒಂದು ಮಂಗಳವಾರ, ಎಂಟನೇ ಇಯತ್ತೆಯ ಗಣಿತ ಪರೀಕ್ಷೆಯ ದಿನ. ಮಂಗಳವಾರ ಹೊಸ ಕೆಲಸಕ್ಕೆ ಕೈ ಹಾಕಬಾರದು ಅಂತ ಅವ್ವ ಯಾವಾಗಲೂ ಹೇಳುತ್ತಿದ್ದಳು. ಗಣಿತ ನನ್ನ ಮಟ್ಟಿಗೆ ಅಗದಿ ಹೊಸ ಕೆಲಸ. ಸಾಲದ್ದಕ್ಕೆ ಆವತ್ತು ಆಕೆ ಎಂದೂ ಇಲ್ಲದ ಹಾಗೆ ತಲೆ ಸವರಿ, ರೊಟ್ಟಿಗೆ ತುಪ್ಪ ಹಚ್ಚಿ ಕೊಟ್ಟು, "ನನ್ನ ರಾಜಾ, ನನ್ನ ಬಂಗಾರ, ಚಲೋತ್ನಾಗಿ ಬರದು ಬಾ" ಅಂದಳು. ದಿನಾ ಬೈಗಳು ಕೇಳಿ ಏಳುತ್ತಿದ್ದವನಿಗೆ ಅಷ್ಟು ಪ್ರೀತಿ ಕಂಡು ಹೆದರಿಕೆ ಹತ್ತಿತು. ಸಾಲಿಯ ಕಡೆ ಹೊಂಟ ಕಾಲು ಬಸ್ ಸ್ಟ್ಯಾಂಡಿನ ಕಡೆ ತಿರುಗಿದವು.

ಆಮೇಲೆ ಲಾರಿ ಕ್ಲೀನರ್ ಆದೆ, ಪೆಂಡಾಲು ಕಟ್ಟಿದೆ, ಬೋರ್‌ವೆಲ್ ಗಾಡಿಯ ಹಿಂದೆ ಸುತ್ತಿದೆ. ಎಲ್ಲೂ ನಿಲ್ಲಲಿಲ್ಲ. ಒಂದು ಮಾತ್ರ ಖರೆ: ನಾನು ಎಲ್ಲಿಗೇ ಹೋಗಲಿ, ಒಂದಿಲ್ಲೊಂದು ಫಜೀತಿ ನನಗಿಂತ ಮೊದಲೇ ಅಲ್ಲಿಗೆ ಹೋಗಿ ಚಾಪೆ ಹಾಸಿ ಕೂತಿರುತ್ತದೆ. ಆದರೆ ನಾಯಿ-ಬೆಕ್ಕು ಸಾಕುವ ಆಶ್ರಯದಲ್ಲಿ ಆದಷ್ಟು ಫಜೀತಿ ಬೇರೆಲ್ಲೂ ಆಗಿಲ್ಲ.

ಪಗಾರ ಇಲ್ಲದ ನೌಕರಿ

ಒಮ್ಮೆ ರೈಲಿನಲ್ಲಿ ಹೊಂಟವನು ಚಾ ಕುಡಿಯಲು ಕುಂದಗೋಳ ಸ್ಟೇಶನ್ನಿನಲ್ಲಿ ಇಳಿದೆ. ರೈಲು ನನ್ನನ್ನು ಬಿಟ್ಟು ಹೊರಟುಹೋಯಿತು. ನನ್ನ ಆಯುಷ್ಯದಲ್ಲಿ ನನಗಿಂತ ಮೊದಲು ಹೊಂಟದ್ದು ಅದೊಂದೇ. ಬೆಂಚಿನ ಮೇಲೆ ಮುಚ್ಚಿದ ಬುಟ್ಟಿ ಇಟ್ಟುಕೊಂಡು ಕೂತಿದ್ದ ವಯಸ್ಸಾದ ಹೆಣ್ಣುಮಗಳೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಖಾಲಿ ಇದ್ದೀಯೇನೋ ತಮ್ಮಾ?"

"ಹೌದ್ರಿ."

"ಹಂಗಾರ ಈ ಬುಟ್ಟಿ ಹಿಡಿ."

ಮಾವಿನಹಣ್ಣು ಇರಬೇಕು ಅಂತ ಆಸೆಯಿಂದ ಹಿಡಿದೆ. ಬುಟ್ಟಿ ನನ್ನ ಕೈ ಪರಚಿತು. ಒಳಗೆ ಇದ್ದವು ಬೆಕ್ಕಿನ ಮರಿ.

ಆಕೆ ಸಾಲಿಯಲ್ಲಿ ಅಕ್ಕೋರಾಗಿದ್ದು ರಿಟೈರ್ ಆದವರು. ಊರ ಹೊರಗೆ, ಸ್ಟೇಶನ್ನಿನ ಕೂಗಳತೆಯಲ್ಲಿ, ಹತ್ತಿ ತುಂಬಿಡುತ್ತಿದ್ದ ಹಳೆಯ ವಖಾರದಲ್ಲಿ, ಯಾರಿಗೂ ಬೇಡವಾದ ನಾಯಿ-ಬೆಕ್ಕುಗಳನ್ನು ತಂದು ಸಾಕುತ್ತಿದ್ದರು. ಬುಟ್ಟಿ ಹೊತ್ತು ಅವರ ಹಿಂದೆ ಹೋದವನು ಅಲ್ಲೇ ಉಳಿದೆ. ಬಂದವರಿಗೆಲ್ಲ "ಇಂವ ನಮ್ಮ ಸ್ವಯಂಸೇವಕ" ಅಂತ ನನ್ನನ್ನು ತೋರಿಸುತ್ತಿದ್ದರು. ಪಗಾರ ಇಲ್ಲದೆ ದಿನವಿಡೀ ತಿರುಗುವವನಿಗೆ ನಮ್ಮೂರಲ್ಲಿ ಬೇಕಾರ್ ಅನ್ನುತ್ತಿದ್ದರು. ಅದೇ ಮನುಷ್ಯನ ಕೈಯಲ್ಲಿ ಕಸಬರಿಗೆ ಕೊಟ್ಟರೆ ಸ್ವಯಂಸೇವಕ ಆಗುತ್ತಾನೆ ಅಂತ ಆಗ ತಿಳಿಯಿತು.

ಅಕ್ಕೋರು ಸಾಲಿ ಬಿಟ್ಟಿದ್ದರೂ ಅವರ ಬಾಯಿ ಸಾಲಿ ಬಿಟ್ಟಿರಲಿಲ್ಲ. ಅನ್ನ ಹೊತ್ತಿದರೆ ನನಗೆ ಬೈಗಳು, ನಾಯಿ ಕೆಮ್ಮಿದರೂ ನನಗೇ ಬೈಗಳು. "ಮನಸಿಲ್ಲಂದ್ರ ನಡಿಯೋ ನೀ, ಬಾಗಲಾ ತೆರದದ!" ಅಂತ ದಿನಕ್ಕೊಮ್ಮೆಯಾದರೂ ಒದರುತ್ತಿದ್ದರು. ಇಂಥ ಚಲೋ ಜಾಗ ಬಿಟ್ಟು ಯಾರು ಹೋಗುತ್ತಾರೆ? ನಿಂತೆ.

ಊರೇ ಇಟ್ಟ ಹೆಸರು

ಅಲ್ಲಿ ಒಂದು ಕಂದು ನಾಯಿ ಇತ್ತು. ಒಂದು ಕಿವಿ ನೆಟ್ಟಗೆ, ಒಂದು ಮಡಚಿದ್ದು. ಹುಟ್ಟಿ ಬೆಳೆದದ್ದು ಬಸ್ ಸ್ಟ್ಯಾಂಡಿನಲ್ಲಿ. ಚಾದಂಗಡಿಯವ ಅದನ್ನು ಕಂಡರೆ "ಹಚಾ!" ಅಂದ, ಮಿರ್ಚಿ ಗಾಡಿಯವ "ಹಚಾ!" ಅಂದ, ಹೂವಿನವಳು, ಕಂಡಕ್ಟರು, ಬಸ್ಸಿಗೆ ಕಾದವರು ಎಲ್ಲರೂ ಮುಂಜಾನೆಯಿಂದ ಸಂಜೆವರೆಗೆ ಅದೊಂದೇ ಶಬ್ದ ಒದರಿ ಓಡಿಸಿದರು. ಪಾಪ, ಅದು ಏನಂತ ತಿಳಿಯಬೇಕು? ಅದೇ ತನ್ನ ಹೆಸರು ಅಂದುಕೊಂಡಿತು. ಊರಿಗೆ ಊರೇ ತನ್ನನ್ನು ಹೆಸರು ಹಿಡಿದು ಕರೆಯುತ್ತದೆ ಅಂತ ಮೇಲೊಂದಿಷ್ಟು ಸೊಕ್ಕು. "ಹಚಾ" ಅಂದರೆ ಬಾಲ ಆಡಿಸುತ್ತ ಓಡಿ ಬರುತ್ತಿತ್ತು. ಜೋರಾಗಿ ಅಂದರೆ ಮೈಮೇಲೇ ಬರುತ್ತಿತ್ತು.

ಉಳಿದದ್ದನ್ನು ಕೆಡಿಸಿದವರು ಅಕ್ಕೋರು. ಒಂದು ದಿನ ಬಿಸ್ಕೀಟು ತೋರಿಸಿ, "ಬಾರೋ ರಾಜಾ, ಬಾ ನನ್ನ ಬಂಗಾರ" ಅಂತ ಮೆತ್ತಗೆ ಕರೆದರು. ಅದು ಹುಟ್ಟಿದಂದಿನಿಂದ ಕೇಳಿದ ಮೊದಲ ಪ್ರೀತಿಯ ಮಾತು, ನಂಬಿ ಬಂತು. ಸೀದಾ ದನದ ಡಾಕ್ಟರ ಟೇಬಲ್ಲಿಗೆ ಹಾಕಿ, ಇನ್ನು ಮುಂದೆ ಮರಿ ಹುಟ್ಟದಂತೆ ಆಪರೇಶನ್ ಮಾಡಿಸಿಬಿಟ್ಟರು. ಎಚ್ಚರಾಗಿ ನೋಡಿಕೊಂಡರೆ ಸಾಮಾನು ಕಡಿಮೆ! ಅಂದಿನಿಂದ ಯಾರಾದರೂ ಮುದ್ದಿನಿಂದ ಕರೆದರೆ ಸಾಕು, ಬಾಲ ಮುದುಡಿಕೊಂಡು ಓಟ.

"ಕಿವಿ ಚಲೋ ಅದಾವ್ರಿ. ತಲಿಯೊಳಗ ಅರ್ಥ ಅಷ್ಟ ಉಲ್ಟಾ ಆಗೇತಿ. ಇದಕ್ಕ ಇಂಜೆಕ್ಷನ್ ಇಲ್ಲ" ಅಂದರು ಡಾಕ್ಟರು. ಎಲ್ಲರೂ ಎಂಥ ವಿಚಿತ್ರ ಪ್ರಾಣಿ ಅಂತ ನಕ್ಕರು. ನನಗೆ ಅದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ.

ಮಳೆಗಾಲ ಮುಗಿಯುತ್ತಿದ್ದಂತೆ ನನ್ನ ಕಾಲಿನ ಚಕ್ರ ತಿರುಗತೊಡಗಿತು. ಹೊರಡುತ್ತೇನೆ ಅಂದೆ.

"ಹೋಗು. ನಿನ್ನ ಯಾರು ಕಟ್ಟಿ ಹಾಕ್ಯಾರ?" ಅಂದರು ಅಕ್ಕೋರು. "ಆದ್ರ ಆ ಹಚಾಗ ಒಂದು ಮನಿ ನೋಡಿ ಕೊಟ್ಟು ಹೋಗು. ನಾನರ ಎಷ್ಟಂತ ಒದರಲಿ? ನೀ ಹ್ವಾದ ಮ್ಯಾಲೆ ಅದಕ್ಕ ಚಂದಾಗಿ ಬಯ್ಯವರು ಯಾರಿದ್ದಾರ?"

ಹೀಗೆ ನನ್ನ ಬಿಡುಗಡೆ ಒಂದು ನಾಯಿಯ ಸಂಬಂಧ ಕುದುರುವುದರ ಮೇಲೆ ನಿಂತಿತು.

ಟೈಗರ್

ಮೊದಲು ಒಯ್ದವರು ಊರಿನ ಒಬ್ಬ ಹೈಸ್ಕೂಲ್ ಮಾಸ್ತರು. "ಇದೆಂಥಾ ಹೆಸರೋ? ಇಂಥಾ ಹೆಸರಿಟ್ರ ಅದರ ವ್ಯಕ್ತಿತ್ವ ವಿಕಸನ ಹೆಂಗಾಗಬೇಕು?" ಅಂತ ನನಗೇ ಪಾಠ ಹೇಳಿ, ಅಲ್ಲೇ ನಿಂತು ಟೈಗರ್ ಅಂತ ಹೊಸ ಹೆಸರಿಟ್ಟು, ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೋದರು.

ಮುಂದಿನ ವಾರ ಮಾಸ್ತರು, ಸ್ಕೂಟರು, ಟೈಗರ್ ಎಲ್ಲಾ ವಾಪಸು.

"ಏನಾತ್ರಿ ಸರ?"

"ಏನಾಗಬೇಕೋ? 'ಟೈಗರ್, ಬಾ ಮರಿ' ಅಂತ ಕರದ್ರ ಮಾಳಿಗಿ ಏರಿ ಕುಂದರತೈತಿ. ಗೇಟಿಗೆ ಬ್ಯಾರೆ ನಾಯಿ ಬಂದೈತಿ ಅಂತ ನಮ್ಮಾಕಿ 'ಹಚಾ' ಅಂದ್ಲು. ಇದು ಹಿತ್ತಲದಾಗಿಂದ ರಾಡಿಗಾಲಾಗ ಅಡಿಗಿಮನಿ, ದೇವರಮನಿ ಎಲ್ಲಾ ಹಾದು ಬಂದು ಆಕಿ ಇಳಕಲ್ ಸೀರಿಮ್ಯಾಲೆ ನಿಂತತಿ. ನಿಮ್ಮ ನಾಯಿಗೆ ಕನ್ನಡ ಬರೂದಿಲ್ಲ."

"ಬರತೈತ್ರಿ ಸರ. ಹೇಳಿದ್ದಕ್ಕ ಉಲ್ಟಾ ಮಾಡತೈತಿ, ಅಷ್ಟ."

ಮಾಸ್ತರು ಹಗ್ಗವನ್ನು ನನ್ನ ಕೈಗಿಟ್ಟರು. "ಅಂಥಾವ್ರು ವರ್ಗದಾಗ ಐವತ್ ಮಂದಿ ಅದಾರ. ಮನ್ಯಾಗೂ ಒಂದು ಬ್ಯಾಡಪಾ."

ಫೋನು

ಆಶ್ರಯದ ಫೋನು ನನ್ನ ಕಿಸೆಯಲ್ಲಿ ಇರುತ್ತಿತ್ತು. ಒಂದು ಮುಂಜಾನೆ ಅಣ್ಣಿಗೇರಿ ಕಡೆಯವರೊಬ್ಬರು ಬೆಂಕಿಯಾಗಿ ಮಾತಾಡಿದರು.

"ನಾಯಿ ಒಯ್ಯವರು ಏನ್ರಿ? ಇಲ್ಲೊಂದು ನಾಯಿ ರಾತ್ರಿಪೂರಾ ಬೊಗಳಿ ನಿದ್ದಿ ಹಾಳು ಮಾಡೇತಿ. ಲಗೂನ ಬಂದು ಒಯ್ರಿ."

"ಯಾರ ನಾಯಿರಿ ಅದು?"

"ನಮ್ಮದ."

"ಮತ್ತ ಯಾಕ ಸಾಕೀರಿ?"

"ಕಳ್ಳರು ಬಂದ್ರ ಬೊಗಳಲಿ ಅಂತ."

"ನಿನ್ನೆ ಕಳ್ಳರು ಏನರ ಬಂದಿದ್ರೇನು?"

"ಬಂದಿದ್ರು. ಹಂಗಂತ ಮಲಗಿದವರಿಗೆ ತ್ರಾಸ ಕೊಡೂದೇನು?"

ಶಾಕಾಹಾರಿ ಬೆಕ್ಕು

ಮಿಶ್ರಿಕೋಟಿ ಕಡೆಯ ಸಾವಕಾರರೊಬ್ಬರು, ಹಣೆ ತುಂಬ ವಿಭೂತಿ, ಭತ್ತದ ಚೀಲಕ್ಕೆಲ್ಲ ಇಲಿ ಬಿದ್ದಿವೆ ಅಂತ ಬೆಕ್ಕು ಕೇಳಿಕೊಂಡು ಬಂದರು.

"ಒಂದು ಮಾತು ಮೊದಲ ಹೇಳತೇನಿ. ನಮ್ಮದು ಶುದ್ಧ ಶಾಕಾಹಾರಿ ಮನಿ. ಬೆಕ್ಕು ಇಲಿ ಹಿಡೀಬೇಕು, ತಿನ್ನಬಾರದು."

"ಹಿಡದು ಏನ್ ಮಾಡಬೇಕ್ರಿ?"

"ಅಂಜಿಸಿ ಬಾಜೂ ಮನಿಗೆ ಅಟ್ಟಬೇಕು."

"ಬಾಜೂ ಮನಿಯವರು ಸುಮ್ಮನಿರತಾರೇನ್ರಿ?"

"ಅಂವ ನಮ್ಮ ತಮ್ಮನ ಅದಾನ. ಹೊಲದ ಪಾಲು ಆದಾಗಿಂದ ಮಾತು ಬಿಟ್ಟೇವಿ. ನೀ ಚಿಂತಿ ಮಾಡಬ್ಯಾಡ."

ಇದ್ದ ಬೆಕ್ಕುಗಳನ್ನೆಲ್ಲ ನೋಡಿ, ದಿನವಿಡೀ ಮಲಗುತ್ತಿದ್ದ ಒಂದು ದಪ್ಪ ಬೆಕ್ಕನ್ನು "ಇದರ ಮಾರಿಮ್ಯಾಲೆ ಶಾಂತಿ ಐತಿ" ಅಂತ ಆರಿಸಿಕೊಂಡು ಹೋದರು. ದೀಪಾವಳಿ ಮುಗಿಸಿ ಈ ಕಡೆ ಬಂದಾಗ ಕೇಳಿದೆ:

"ಇಲಿ ಹೋದ್ವೇನ್ರಿ ಸಾವಕಾರ?"

"ಎಲ್ಲಿ ಹೋಗತಾವು? ಇಲಿ ಬಂದ್ರ ಈ ಬೆಕ್ಕು ಎದ್ದು ತನ್ನ ಹಾಲಿನ ಬಟ್ಟಲಾ ಬಿಟ್ಟುಕೊಡತೈತಿ."

"ಹಂಗಾರ ವಾಪಸ್ ತಂದುಬಿಡ್ರಿ, ಬ್ಯಾರೆ ಕೊಡತೇವಿ."

"ಛೇ ಛೇ! ತನ್ನ ಪಾಲು ಬಿಟ್ಟುಕೊಡವ್ರು ನಮ್ಮ ಮನ್ಯಾಗ ಅದೊಂದ ಇರೂದು. ಇರಲಿ ಬಿಡು."

ಸಾಹೇಬರ ಹುಟ್ಟುಹಬ್ಬ

ಹಚಾಗೆ ಎರಡನೇ ಸಂಬಂಧ ಬಂದದ್ದು ಒಬ್ಬ ಮರಿ ಪುಢಾರಿಯಿಂದ. ದವಾಖಾನೆಯಲ್ಲಿ ಹಣ್ಣು ಹಂಚಿ ಹಂಚಿ ಬೇಸರ ಬಂದು, ಈ ಸಲ ಹುಟ್ಟುಹಬ್ಬವನ್ನು ನಾಯಿಗಳ ಜೋಡಿ ಆಚರಿಸಬೇಕು ಅಂತ ಬಂದಿದ್ದರು. ಬ್ಯಾನರು, ಮೈಕು, ದೊಡ್ಡ ಕೇಕು, ಬೆಳ್ಳಗಿನ ಅಂಗಿ.

"ಈ ಮೂಕ ಪ್ರಾಣಿಗಳೇ ನನ್ನ ನಿಜವಾದ ಬಳಗ!" ಅಂದರು ಮೈಕಿನಲ್ಲಿ. ಹಿಂದೆ ನಿಂತ ಅವರ ಬಳಗ ಚಪ್ಪಾಳೆ ತಟ್ಟಿತು. "ಇವತ್ತು ಇವುಗಳಲ್ಲಿ ಒಂದನ್ನು ನನ್ನ ಮನೆಗೆ ಕರೆದುಕೊಂಡು ಹೋಗುತ್ತೇನೆ!" ಅಂದವರೇ, ಮೂಲೆಯಲ್ಲಿ ಸಭ್ಯನಂತೆ ಕೂತಿದ್ದ ಹಚಾನ ಕಡೆ ಬೆರಳು ಮಾಡಿದರು. ನಾನು ಮನಸ್ಸಿನಲ್ಲೇ ಚೀಲ ಕಟ್ಟಿದೆ.

ಅಷ್ಟರಲ್ಲಿ ಕೇಕಿನ ವಾಸನೆಗೆ ಉಳಿದ ನಾಯಿಗಳು ಮುಂದೆ ನುಗ್ಗಿದವು. ಬಳಗದವರು ಗಾಬರಿಯಾಗಿ ಕೂಡಿ ಒದರಿದರು: "ಹಚಾ! ಹಚಾ! ಸಾಹೇಬ್ರಿಗೆ ಜಾಗಾ ಬಿಡ್ರಲೇ! ಹಚಾ!"

ಅಷ್ಟು ಮಂದಿ ಒಮ್ಮೆಲೇ ಹೆಸರು ಹಿಡಿದು ಕರೆದದ್ದು ಹಚಾನ ಆಯುಷ್ಯದಲ್ಲಿ ಅದೇ ಮೊದಲು. ಒಂದೇ ಜಿಗಿತಕ್ಕೆ ಕೇಕಿನ ನಡುವೆ ಇಳಿದು, ಮುಂಗಾಲು ಎರಡೂ ಬೆಳ್ಳಗಿನ ಅಂಗಿಯ ಮೇಲಿಟ್ಟು, ಸಾಹೇಬರ ಮಾರಿ ನೆಕ್ಕಿತು. ಸಾಹೇಬರು ಕೈ ಎರಡೂ ಮೇಲೆತ್ತಿ "ಹಚಾ! ಹಚಾ!" ಅಂತ ಚೀರಿದರು. ಅವರು ಚೀರಿದಷ್ಟೂ ಅದು ಗಟ್ಟಿಯಾಗಿ ಅಪ್ಪಿಕೊಂಡಿತು.

"ಸಾಹೇಬ್ರ, ಪ್ರೀತಿಲೆ ಕರೀರಿ, ಬಿಟ್ಟು ಹೋಗತೈತಿ!" ಅಂತ ನಾನು ಒದರಿದೆ.

"ಲೇ, ಜೀವಾ ಹೋಗಾಕತ್ತೈತಿ, ಪ್ರೀತಿ ಎಲ್ಲಿಂದ ತರ್ಲಿ?"

ಸಂಬಂಧ ಮುರಿದು ಬಿತ್ತು. ಆದರೆ ಮರುದಿನ ಎಲ್ಲರ ವಾಟ್ಸಾಪಿನಲ್ಲೂ ಅದೇ ಫೋಟೋ, ಎರಡೂ ಕೈ ಎತ್ತಿದ್ದು. ಕೆಳಗೆ ಬರೆದಿತ್ತು: ಮೂಕ ಪ್ರಾಣಿಗಳಿಗೆ ಆಶೀರ್ವದಿಸುತ್ತಿರುವ ಸಾಹೇಬರು.

ಖಾನಾವಳಿ

ಸ್ಟೇಶನ್ನಿನ ಹತ್ತಿರ, ಎಲ್ಲರೂ ಆಯಿ ಅನ್ನುತ್ತಿದ್ದ ಒಬ್ಬ ಅಜ್ಜಿ ರೊಟ್ಟಿ ಖಾನಾವಳಿ ನಡೆಸುತ್ತಿದ್ದಳು. ಒಂದು ಮಧ್ಯಾಹ್ನ ಹಚಾನನ್ನು ಕರೆದುಕೊಂಡು ಊಟಕ್ಕೆ ಹೋಗಿದ್ದೆ. ಬಾಗಿಲಿಗೆ ಬೀದಿನಾಯಿಗಳು ಬಂದವು. ಆಯಿ ಒಲೆಯ ಮುಂದಿನಿಂದಲೇ "ಹಚಾ!" ಅಂದಳು. ಅವೆಲ್ಲ ಹೋದವು, ನಮ್ಮದು ಒಳಗೆ ಹೋಯಿತು. ಮತ್ತೊಮ್ಮೆ "ಹಚಾ!" ಅಂದಳು. ಆಕೆಯ ಬಾಜೂ ಹೋಗಿ ಕೂತಿತು. ಆಕೆ ಕಟ್ಟಿಗೆ ಎತ್ತಿ ಇನ್ನೂ ಜೋರಾಗಿ ಅಂದಳು. ಆಕೆಯ ಮೊಣಕಾಲ ಮೇಲೆ ತಲೆ ಇಟ್ಟಿತು.

"ಯಾರದೋ ಇದು?"

"ನಮ್ಮದ್ರಿ ಆಯಿ. ಅದರ ಹೆಸರ ಹಚಾ. ಹೋಗಂದ್ರ ಬರತೈತಿ."

"ಮತ್ತ ಬಾ ಅಂದ್ರ?"

"ಓಡಿ ಹೋಗತೈತಿ."

ಆಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹೊರಗೆ ಬೇವಿನ ಗಿಡದ ಕೆಳಗೆ ಇಸ್ಪೀಟು ಆಡುತ್ತಿದ್ದ ಗಂಡನ ಕಡೆ ಒಮ್ಮೆ ನೋಡಿದಳು. "ಬಾ ಅಂದ್ರ ಹೋಗಾಂವ ಒಬ್ಬಾಂವ ಮನ್ಯಾಗ ಮೊದಲ ಅದಾನ. ಹೋಗಂದ್ರ ಬರೂದು ಇದೊಂದನ್ನ ಕಂಡೆ. ಇದನ್ನ ಇಲ್ಲೇ ಬಿಟ್ಟು ಹೋಗೋ."

ಆದರೂ ಖಾತ್ರಿ ಮಾಡಿಕೊಳ್ಳಬೇಕಲ್ಲ. "ದಿನಾ ತಪ್ಪದ ಬೈತೀರೇನ್ರಿ ಆಯಿ?"

ಆಯಿ ಮತ್ತೆ ರೊಟ್ಟಿ ಬಡಿಯತೊಡಗಿದಳು. ತಟ್ಟೆಯಿಂದ ತಲೆ ಎತ್ತದೆ ಒಬ್ಬ ಗಿರಾಕಿಯೇ ಹೇಳಿದ: "ಅದರ ಚಿಂತಿ ಬ್ಯಾಡ ತಮ್ಮಾ. ಇಲ್ಲಿ ರೊಟ್ಟಿ ಎರಡ ಕೊಡತಾಳ, ಬೈಗಳ ಹೊಟ್ಟಿ ತುಂಬ."

ಚೀಲ

ಹಚಾನನ್ನು ಆಯಿಯ ಹತ್ತಿರ ಬಿಟ್ಟು ಬಂದಾಗಿತ್ತು, ಇವತ್ತು ಮುಂಜಾನೆ ಚೀಲ ತೆಗೆದೆ. ಅಂಗಿ, ಟವೆಲ್ಲು, ಎಲ್ಲದರ ಮೇಲೂ ನಾಯಿಗೂದಲು. ಲುಂಗಿ ಎಳೆದರೆ ಬರಲೊಲ್ಲದು. ತಿರುಗಿ ನೋಡಿದರೆ ಅದರ ಮೇಲೆ ಹಚಾ ಕೂತಿದೆ, ಬಾಯಲ್ಲಿ ಆಯಿಯ ಖಾನಾವಳಿಯ ಅರ್ಧ ರೊಟ್ಟಿ. ನಾನು ಹೊರಡುವುದನ್ನು ಅದಕ್ಕೆ ಯಾರು ಹೇಳಿದರೋ!

"ಹಚಾ, ನಡಿ ಮನಿಗೆ" ಅಂದೆ ರೂಢಿಯ ಮೇಲೆ. ಲುಂಗಿ ಬಿಟ್ಟು ನನ್ನ ತೊಡೆಯ ಮೇಲೆ ಬಂದು ಕೂತಿತು. ಬೈದೆ, ಇನ್ನೂ ಒತ್ತಿ ಕೂತಿತು. ಹೀಗೇ ಬೆನ್ನು ಹತ್ತಿದರೆ ಮುಂದಿನದು ಗೊತ್ತೇ ಇದ್ದದ್ದು: ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್ "ಹಚಾ" ಅನ್ನುತ್ತಾನೆ, ಇದು ನನಗಿಂತ ಮೊದಲೇ ಸೀಟು ಹಿಡಿಯುತ್ತದೆ. ಎಲ್ಲಿ ಮಲಗುತ್ತೇನೋ ನನಗೇ ಗೊತ್ತಿಲ್ಲದವನು ಇದನ್ನು ಎಲ್ಲಿ ಮಲಗಿಸಲಿ? ಅಲ್ಲಿ ಆದರೆ ಒಲೆಯ ಬಿಸಿ ಇದೆ, ರೊಟ್ಟಿ ಇದೆ, ಮುಂಜಾನೆಯಿಂದ ಸಂಜೆವರೆಗೆ ಹೆಸರು ಹಿಡಿದು ಕರೆಯುವವಳಿದ್ದಾಳೆ.

ಇದ್ದದ್ದು ಒಂದೇ ದಾರಿ. ಇಷ್ಟು ದಿನ ನಾನೊಬ್ಬ ಮಾತ್ರ ಹಚಾನ ಮೇಲೆ ಆ ದಾರಿ ಹಿಡಿದಿರಲಿಲ್ಲ. ಆ ಮಡಚಿದ ಕಿವಿಯನ್ನು ತುರಿಸಿ, ಮೆತ್ತಗೆ ಅಂದೆ: "ನನ್ನ ರಾಜಾ, ನನ್ನ ಬಂಗಾರ, ಬಾರೋ."

ಹಚಾ ನನ್ನ ಮಾರಿ ನೋಡಿತು, ನೀನೂ ಹೀಗೆ ಮಾಡಿದೆಯಾ ಅನ್ನುವ ಹಾಗೆ. ಆಮೇಲೆ ರೊಟ್ಟಿ ಕಚ್ಚಿಕೊಂಡು, ಬಾಲ ಮುದುಡಿಕೊಂಡು, ಗೇಟು ದಾಟಿ ಓಡಿತು. ಸ್ವಲ್ಪ ಹೊತ್ತಿಗೆ ಸ್ಟೇಶನ್ ಕಡೆಯಿಂದ ಆಯಿಯ ದನಿ ಕೇಳಿತು: "ಹಚಾ! ಎಲ್ಲಿ ಹಾಳಾಗಿ ಹೋಗಿದ್ದಿ?" ಮುಟ್ಟಿತು ಅಂತ ತಿಳಿದೆ.

ಲುಂಗಿ ಜಾಡಿಸಿ ಮಡಚಲು ಕೂತೆ. ಬಾಗಿಲಲ್ಲಿ ಅಕ್ಕೋರು ಬಂದು ನಿಂತರು. ಇನ್ನೇನು ಬೈಗಳು ಶುರುವಾಗುತ್ತವೆ, ಬೈಸಿಕೊಂಡರೆ ಇನ್ನೂ ನಾಲ್ಕು ದಿನ ಇದ್ದೇನು ಅಂತ ಕಾದೆ. ಅಕ್ಕೋರು ಬೈಯಲಿಲ್ಲ. ಕೈಯಲ್ಲಿ ಚಾ ಇತ್ತು, ಬಸಿಯಲ್ಲಿ ಬಿಸ್ಕೀಟು ಇದ್ದವು. ನಾನು ಎಂದೂ ಕೇಳದ ದನಿಯಲ್ಲಿ ಅಂದರು:

"ತಮ್ಮಾ, ನನ್ನ ಬಂಗಾರ, ಎಲ್ಲಿ ಹೋಗ್ತಿ ಈ ಬಿಸಲಾಗ? ಬಾ, ಒಳಗ ಬಾ."

ಅವರ ಹಿಂದೆ ದನದ ಡಾಕ್ಟರು ಎಲ್ಲಾದರೂ ನಿಂತಿದ್ದಾರೇನೋ ಅಂತ ಮೊದಲು ಇಣುಕಿ ನೋಡಿದೆ. ಆಮೇಲೆ ಲುಂಗಿಯನ್ನು ಮಡಚದೇ ಚೀಲಕ್ಕೆ ತುರುಕಿ, ಅದರ ಬಾಯಿ ಬಿಗಿದು, ಗೇಟಿನ ಕಡೆ ಹೊಂಟೆ.