ತೊಟ್ಟಿ ಸರ್ಕಲ್ಲಿನ ಅರ್ಧ ಬಾಗಿಲು

ಅಷ್ಟೂ ರಾಮಾಯಣಕ್ಕೆ ಮೂಲ ಒಂದು ಹಲಗೆ. ಹಿಂದಿನ ದಿನದ ಮಳೆಗೆ ನೀರು ಕುಡಿದು ಊದಿಕೊಂಡಿದ್ದ, ನಂಜುಂಡಯ್ಯನವರ ತಾತನ ಕಾಲದ ಬಾಗಿಲು ಹಲಗೆ.

ಚಾಮರಾಜಪೇಟೆಯ ತೊಟ್ಟಿ ಸರ್ಕಲ್ ಹೆಸರಿಗೆ ಸರ್ಕಲ್, ಅಷ್ಟೇ. ನಡುವೆ ಒಂದು ಕಾಲದಲ್ಲಿ ಜಟಕಾ ಕುದುರೆಗಳು ನೀರು ಕುಡಿಯುತ್ತಿದ್ದ ಕಲ್ಲಿನ ತೊಟ್ಟಿ, ಅದರ ಕಟ್ಟೆಯ ಮೇಲೆ ಹೂವು ಕಟ್ಟುವ ಸುಬ್ಬಮ್ಮ, ಎದುರಿಗೆ ‘ಶಾಂಭವಿ ನಿಲಯ’ ಎಂಬ ಹೆಂಚಿನ ಕಟ್ಟಡ. ಮೇಲೆ ಮರದ ಬಾಲ್ಕನಿ. ಕೆಳಗೆ ಸಾಲಾಗಿ ವೇಣುಗೋಪಾಲನ ತಿಂಡಿ ಹೋಟೆಲ್, ಆಂಜಿನಯ್ಯನವರ ಕಾಫಿಪುಡಿ ಅಂಗಡಿ, ತುದಿಯಲ್ಲಿ ನಂಜುಂಡಯ್ಯನವರ ಫೋಟೋ ಫ್ರೇಮ್ ಅಂಗಡಿ. ಇಷ್ಟಕ್ಕೂ ಒಡತಿ ಬಾಲ್ಕನಿ ಮನೆಯ ದಾಕ್ಷಾಯಣಮ್ಮ. ಎಂಬತ್ತು ದಾಟಿದ್ದರೂ ಅವರ ಬಾಯಿ ಇನ್ನೂ ಸರ್ಕಲ್ಲಿನ ಆಚೆಗೂ ಕೇಳುತ್ತಿತ್ತು.

ಆ ಬಾಯಿಂದಲೇ ಹೋದ ವಾರ ಬಾಡಿಗೆದಾರರಿಗೆಲ್ಲ ಸುದ್ದಿ ಬಂದಿತ್ತು. “ಬಿಲ್ಡರ್ ಕೇಳ್ತಿದಾನೆ. ಹೆಂಚು ಸೋರತ್ತೆ, ತೊಲೆ ಹುಳ ತಿಂದಿದೆ, ನನ್ ಕೈಲಾಗಲ್ಲ. ಆ ಪಾರಂಪರಿಕ ಕಟ್ಟಡದ ಕಮಿಟಿಯವರು ಸೋಮವಾರ ಬಂದು ನೋಡ್ತಾರಂತಲ್ಲ, ಬೋರ್ಡ್ ಹಾಕಿ ರಿಪೇರಿ ಮಾಡಿಸ್ತೀವಿ ಅಂದ್ರೆ ಸರಿ. ಇಲ್ಲಾಂದ್ರೆ ಕೊಟ್ಬಿಡ್ತೀನಿ. ನಿಮಗೂ ನನಗೂ ಬಾಡಿಗೆ ಬಿಟ್ರೆ ಏನ್ರಯ್ಯಾ ಸಂಬಂಧ? ನಾನು ಸತ್ರೆ ತಿರುಗಿ ನೋಡೋರಿಲ್ಲ.”

ಕಮಿಟಿಗೆ ಅರ್ಜಿ ಹಾಕಿದವರು ನಂಜುಂಡಯ್ಯ. ಆಫೀಸಿಗೆ ಅಲೆದವರೂ ಅವರೇ. ಕಮಿಟಿಯ ಯಶಶ್ರೀ ಮೇಡಂ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ್ದರು: “ಗೋಡೆ ಹಳೇದಿದ್ರೆ ಸಾಲ್ದು ಸಾರ್. ಅಂಗಡಿಗಳಲ್ಲಿ ವ್ಯಾಪಾರ ನಡೀತಿರ್ಬೇಕು. ನಾವು ಬಂದಾಗ ಸರ್ಕಲ್ ಜೀವಂತವಾಗಿ ಕಾಣ್ಬೇಕು.” ಆ ಮಾತನ್ನು ನಂಜುಂಡಯ್ಯ ಎಲ್ಲರಿಗೂ ಮುಟ್ಟಿಸಿದ್ದರು. ಸೋಮವಾರ ಹನ್ನೊಂದಕ್ಕೆ ಒಂದೇ ಒಂದು ಬಾಗಿಲೂ ಮುಚ್ಚಿರಕೂಡದು ಎಂದು ಕೈಮುಗಿದು ಕೇಳಿಕೊಂಡಿದ್ದರು. ಈ ಅಂಗಡಿ ಹೋದರೆ ಅವರಿಗೆ ಬೇರೆ ಗತಿಯಿರಲಿಲ್ಲ. ಐವತ್ತೆಂಟರ ವಯಸ್ಸಿನಲ್ಲಿ ಗಾಜು ಕತ್ತರಿಸುವವನಿಗೆ ಯಾರು ಹೊಸದಾಗಿ ಜಾಗ ಕೊಡುತ್ತಾರೆ ಹೇಳಿ.

ಬಂತಲ್ಲ ಸೋಮವಾರ. ವಿಭೂತಿ ಹಚ್ಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಂಜುಂಡಯ್ಯ ಎಲ್ಲರಿಗಿಂತ ಮೊದಲೇ ಬಂದರು. ಉಳಿದವರದ್ದೆಲ್ಲ ಶಟರ್, ಇವರದ್ದು ಮಾತ್ರ ಇನ್ನೂ ಹಳೇ ಪದ್ಧತಿಯ ಹಲಗೆ ಬಾಗಿಲು. ಒಂದೊಂದೇ ಹಲಗೆಯನ್ನು ಚೌಕಟ್ಟಿನ ಸೀಳಿನಿಂದ ಜಾರಿಸಿ ತೆಗೆದು ಗೋಡೆಗೆ ಒರಗಿಸಬೇಕು. ಅರ್ಧ ಬಾಗಿಲು ಸಲೀಸಾಗಿ ಬಂತು. ಮುಂದಿನ ಹಲಗೆ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಎಳೆದರು, ಸುತ್ತಿಗೆಯಲ್ಲಿ ಗುದ್ದಿದರು, ಶಿವಶಿವಾ ಎಂದರು. ಕೊನೆಗೆ ಒಳಗೆ ಹೋಗಿ ಹಿಂದಿನಿಂದ ಭುಜ ಕೊಟ್ಟು ನೂಕತೊಡಗಿದರು.

ತೊಟ್ಟಿ ಸರ್ಕಲ್ಲಿಗೆ ತಾತಮುತ್ತಾತಂದಿರು ಬಿಟ್ಟುಹೋದ ಒಂದು ಕಟ್ಟಳೆ ಇದೆ. ಸರ್ಕಲ್ಲಿನವರು ಯಾರಾದರೂ ತೀರಿಕೊಂಡರೆ, ಸುದ್ದಿ ತಿಳಿದವನು ಅರ್ಧ ಬಾಗಿಲು ಹಾಕಬೇಕು. ಅದನ್ನು ಕಂಡವರು ತಮ್ಮದನ್ನೂ ಅರ್ಧ ಎಳೆಯಬೇಕು. ಹೋದದ್ದು ಯಾರೆಂದು ಬೀದಿಯಲ್ಲಿ ಬಾಯಿಬಿಟ್ಟು ಕೇಳುವಂತಿಲ್ಲ, ಅದು ಅಪಶಕುನ. ಹೆಣ ತೊಟ್ಟಿಯನ್ನು ಒಂದು ಸುತ್ತು ಹಾಕಿ ಹೋಗುವವರೆಗೆ ಬಾಗಿಲು ಪೂರ್ತಿ ತೆಗೆಯುವಂತೆಯೂ ಇಲ್ಲ.

ಆಂಜಿನಯ್ಯ ಬಂದವರೇ ಪಕ್ಕದ ಅರ್ಧ ಬಾಗಿಲು ನೋಡಿದರು. ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ ಒಂದು ಕ್ಷಣ ನಿಂತು, ತಮ್ಮ ಶಟರನ್ನು ಅರ್ಧಕ್ಕೆ ನಿಲ್ಲಿಸಿದರು. ಅದನ್ನು ನೋಡಿದ ಸುಬ್ಬಮ್ಮ ಬುಟ್ಟಿಗೆ ಒದ್ದೆ ಬಟ್ಟೆ ಮುಚ್ಚಿದಳು. ಅದನ್ನು ನೋಡಿದ ವೇಣುಗೋಪಾಲ ಕಾದ ಕಾವಲಿಯ ಕೆಳಗೆ ಗ್ಯಾಸ್ ಆರಿಸಿ ಶಟರ್ ಎಳೆದ.

ಹಲಗೆಯ ಜೊತೆ ಸೆಣಸಿ ಸೋತು ನಂಜುಂಡಯ್ಯ ಹೊರಬಂದರೆ ಇಡೀ ಸರ್ಕಲ್ ಅರ್ಧ ಮುಚ್ಚಿದೆ! ಅಯ್ಯೋ, ಯಾರೋ ಹೋಗಿಬಿಟ್ಟರಲ್ಲಪ್ಪಾ! ತಾನು ಆಗಲೇ ಅರ್ಧ ತೆಗೆದಾಗಿದೆ, ಇನ್ನು ಮುಂದಕ್ಕೆ ತೆಗೆಯುವುದು ಸರಿಯಲ್ಲ ಎಂದುಕೊಂಡು ಸುತ್ತಿಗೆ ಕೆಳಗಿಟ್ಟರು. ತಲೆ ತಗ್ಗಿಸಿಕೊಂಡು ಆಂಜಿನಯ್ಯನವರ ಪಕ್ಕ ಹೋಗಿ ನಿಂತರು.

“ಬಹಳ ಬೇಗ ಆಗೋಯ್ತು,” ಅಂದರು ಆಂಜಿನಯ್ಯ.

“ಹೂಂ. ನಿನ್ನೆ ಕೂಡ ಚೆನ್ನಾಗೇ ಇದ್ರು,” ಅಂದರು ನಂಜುಂಡಯ್ಯ. ನಿನ್ನೆ ಸರ್ಕಲ್ಲಿನಲ್ಲಿ ಎಲ್ಲರೂ ಚೆನ್ನಾಗೇ ಇದ್ದರು, ಆ ಮಟ್ಟಿಗೆ ಅದು ಸುಳ್ಳಲ್ಲ.

“ನರಳಲಿಲ್ಲ ತಾನೇ?”

“ಇಲ್ಲ ಅನ್ಸುತ್ತೆ. ಪುಣ್ಯಾತ್ಮರು.”

ಇಬ್ಬರೂ ನಿಟ್ಟುಸಿರು ಬಿಟ್ಟರು. ಒಬ್ಬರಿಗಾದರೂ ಯಾರೆಂದು ಗೊತ್ತಿದ್ದರೆ ಕೇಳಿ! ಅಷ್ಟರಲ್ಲಿ ವೇಣುಗೋಪಾಲ ಟವಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಬಂದು ಮೇಲಿನ ಬಾಲ್ಕನಿಯ ಕಡೆ ಕಣ್ಣು ತೋರಿಸಿದ.

“ದಿನಾ ಬೆಳಿಗ್ಗೆ ಕಾಫಿಗೆ ಹಗ್ಗ ಕಟ್ಟಿ ಬುಟ್ಟಿ ಇಳಿಬಿಡ್ತಿದ್ರು ಸಾರ್. ಇವತ್ತು ಬುಟ್ಟಿ ಇಳೀಲಿಲ್ಲ. ನಂಗೆ ಆಗ್ಲೇ ಅನ್ನಿಸ್ತು.”

ದಾಕ್ಷಾಯಣಮ್ಮ! ನಂಜುಂಡಯ್ಯನವರಿಗೆ ದುಃಖ ಉಮ್ಮಳಿಸಿ ಬಂತು. ಅಪ್ಪ ತೀರಿಕೊಂಡಾಗ ಮೂರು ಹೊತ್ತೂ ಮೇಲಿನಿಂದ ಊಟ ಕಳಿಸಿದ ಕೈ ಅದು. ಬೈದರೂ ಮಗನಿಗೆ ಬೈದ ಹಾಗೆ ಬೈಯುತ್ತಿದ್ದರು. ನಂಜುಂಡಯ್ಯ ಕಟ್ಟೆಯ ಮೇಲೆ ಕೂತು ಮಗುವಿನ ಹಾಗೆ ಅತ್ತರು. ಅವರು ಅತ್ತದ್ದು ನೋಡಿ, ಇದ್ದ ಒಂದಿಷ್ಟು ಅನುಮಾನವೂ ಎಲ್ಲರಿಗೂ ಹೋಯಿತು.

ಆಮೇಲೆ ಕೆಲಸ ಚುರುಕಾಗಿ ನಡೆಯಿತು. “ಅಮ್ಮನವರೂ ನಮ್ಮವರೇ. ನಮ್ಮಲ್ಲಿ ಹೆಣ ಮಲಗಿಸಲ್ಲ, ಕೂರಿಸಿ ಕರ್ಕೊಂಡು ಹೋಗೋದು. ಕುರ್ಚಿ ಬೇಕು,” ಎಂದು ನಂಜುಂಡಯ್ಯನವರೇ ಹೇಳಿದರು. ವೇಣುಗೋಪಾಲ ಗಲ್ಲಾದ ಕುರ್ಚಿ ತಂದು ತೊಟ್ಟಿಯ ಮುಂದೆ ಇಟ್ಟ. ಸುಬ್ಬಮ್ಮ ಮೂಗು ಸೀಟುತ್ತ ಅದಕ್ಕೆ ಸೇವಂತಿಗೆ ಸುತ್ತಿದಳು. ಫೋಟೋ ಬೇಕಲ್ಲ ಎಂದಾಗ ಹೋಟೆಲ್ ಗೋಡೆಯಿಂದ ಒಂದು ಬಂತು, ವೇಣುಗೋಪಾಲನ ಹೋಟೆಲ್ ಉದ್ಘಾಟನೆಗೆ ದಾಕ್ಷಾಯಣಮ್ಮ ರಿಬ್ಬನ್ ಕತ್ತರಿಸುತ್ತಿರುವ ಫೋಟೋ. ಕತ್ತರಿಯನ್ನು ಬಿಟ್ಟು ಮುಖವನ್ನಷ್ಟೇ ಕತ್ತರಿಸಿಕೊಳ್ಳಲು ದಾರಿಯೇ ಇರಲಿಲ್ಲ. ನಂಜುಂಡಯ್ಯ ಅಂಗಡಿಯಲ್ಲಿದ್ದ ಅತ್ಯುತ್ತಮ ತೇಗದ ಫ್ರೇಮಿನೊಳಗೆ ಅದನ್ನು ಕೂರಿಸಿ, ಕಣ್ಣೀರು ಗಾಜಿನ ಮೇಲೆ ಬೀಳದಂತೆ ಒರೆಸಿ, ಕುರ್ಚಿಯ ಮೇಲಿಟ್ಟರು. ಅಮ್ಮನವರು ಕತ್ತರಿ ಹಿಡಿದು ಎಲ್ಲರನ್ನೂ ದುರುಗುಟ್ಟಿಕೊಂಡು ನೋಡುತ್ತಿದ್ದರು.

“ಮೇಲೆ ಹೋಗಿ ನೋಡೋಣ್ವಾ?” ಎಂದು ಆಗ ಯಾರಿಗೋ ಹೊಳೆಯಿತು. ಗಂಡಸರು ಮೂವರೂ ಮೆಟ್ಟಿಲು ಹತ್ತಿದರು. ಬಾಗಿಲಿಗೆ ಬೀಗ.

“ರಾತ್ರೀನೇ ಆಸ್ಪತ್ರೆಗೆ ಕರ್ಕೊಂಡು ಹೋಗಿರ್ಬೇಕು. ಅಲ್ಲಿಂದ್ಲೇ ತರ್ತಾರೆ,” ಅಂದ ವೇಣುಗೋಪಾಲ.

ನಂಜುಂಡಯ್ಯ ಬೀಗವನ್ನೇ ನೋಡುತ್ತಿದ್ದರು. ಅದಕ್ಕೆ ಹಾಲಿನ ಖಾಲಿ ಕವರ್ ಸುತ್ತಿ ದಾರ ಕಟ್ಟಿತ್ತು. ಮಳೆಗೆ ಬೀಗ ತುಕ್ಕು ಹಿಡಿಯಬಾರದೆಂದು ಹಾಗೆ ಕಟ್ಟುವವರು ಈ ಭೂಮಿಯ ಮೇಲೆ ದಾಕ್ಷಾಯಣಮ್ಮ ಒಬ್ಬರೇ. ಸಾಯುತ್ತಿರುವವರು ಬೀಗಕ್ಕೆ ಕವರ್ ಕಟ್ಟಿ ಹೋಗುತ್ತಾರೆಯೇ? ಅವರ ಅಳು ಅರ್ಧಕ್ಕೇ ನಿಂತಿತು.

“ವೇಣು, ನಿಂಗೆ ಸುದ್ದಿ ಹೇಳಿದ್ದು ಯಾರಪ್ಪಾ?”

“ಸುಬ್ಬಮ್ಮ ಹೂವು ಮುಚ್ಚಿದ್ದು ನೋಡ್ದೆ.”

“ಸುಬ್ಬಮ್ಮ ನನ್ ಶಟರ್ ನೋಡಿದ್ಲು,” ಅಂದರು ಆಂಜಿನಯ್ಯ. “ನಾನು ನಿಮ್ ಬಾಗಿಲು ನೋಡ್ದೆ. ಮೊದ್ಲು ಅರ್ಧ ಹಾಕಿದ್ದು ನೀವೇ ತಾನೇ?”

“ನಾನೆಲ್ಲಿ ಹಾಕ್ದೆ! ಹಲಗೆ ಸಿಕ್ಕಾಕ್ಕೊಂಡಿದೆ ಕಣ್ರೀ, ಬರ್ತಿಲ್ಲ!”

ಮೂವರೂ ಬಗ್ಗಿ ಕೆಳಗಿದ್ದ ಸೇವಂತಿಗೆ ಕುರ್ಚಿಯನ್ನು ನೋಡಿದರು. ಆಮೇಲೆ ನಂಜುಂಡಯ್ಯ ಗಡಿಯಾರ ನೋಡಿಕೊಂಡು ಹೌಹಾರಿದರು. ಹನ್ನೊಂದಾಗುತ್ತ ಬಂದಿತ್ತು.

“ಬೇಗ ಬೇಗ ತೆಗೀರಪ್ಪಾ ಬಾಗಿಲು! ಕಮಿಟಿಯವರು ಬಂದ್ಬಿಡ್ತಾರೆ!”

ಆಂಜಿನಯ್ಯ ತಲೆ ಅಲ್ಲಾಡಿಸಿದರು. “ಅದು ಹೇಗಾಗುತ್ತೆ? ಒಂದ್ಸಲ ಎಳೆದ್ಮೇಲೆ ಹೆಣ ಹೋಗೋವರ್ಗೂ ತೆಗೆಯೋ ಹಾಗಿಲ್ಲ.”

“ಹೆಣಾನೇ ಇಲ್ವಲ್ರೀ!”

“ಅದೇ ಭಯ ನಂಗೆ. ಹೆಣ ಹೋಗ್ದೆ ತೆಗೆದ್ರೆ ನಾಳೆ ನಿಜವಾಗ್ಲೂ ಒಂದು ಹೆಣ ಬೀಳತ್ತೆ. ನಮ್ಮನೇಲಿ ನಮ್ಮತ್ತೆಗೆ ಮೊದ್ಲೇ ಹುಷಾರಿಲ್ಲ. ಆ ಪಾಪ ನಂಗ್ಯಾಕೆ?”

“ನಾನೂ ಮೊದ್ಲು ತೆಗೆಯಲ್ಲಪ್ಪ. ಬೇರೆ ಯಾರಾದ್ರೂ ತೆಗೀಲಿ, ಆಮೇಲೆ ನೋಡ್ತೀನಿ,” ಅಂದ ವೇಣುಗೋಪಾಲ.

ನಂಜುಂಡಯ್ಯ ಕಾಡಿದರು, ಬೇಡಿದರು, ಬೈದರು. ಒಬ್ಬರೂ ಜಗ್ಗಲಿಲ್ಲ. ಸರಿ, ಯಾರಾದರೂ ಮೊದಲಾಗಲೇಬೇಕಲ್ಲ, ಒಂದು ಅಂಗಡಿಯಾದರೂ ಜೀವಂತ ಕಾಣಲಿ, ಬರುವ ಪಾಪ ನನಗೇ ಬರಲಿ ಎಂದುಕೊಂಡು ನಂಜುಂಡಯ್ಯ ಸುತ್ತಿಗೆ ಎತ್ತಿಕೊಂಡರು. ಹಠಕ್ಕೆ ಬಿದ್ದು ಹೊಡೆದ ಏಟಿಗೆ ಹಲಗೆ ಕಿರ್ರೆಂದು ಕಳಚಿ ಕಾಲ ಮೇಲೇ ಬಿತ್ತು. ಕುಂಟುತ್ತಲೇ ಉಳಿದದ್ದನ್ನೂ ತೆಗೆದರು. ದೀಪಗಳನ್ನೆಲ್ಲ ಹಾಕಿ, ದೇವರ ಫೋಟೋಗಳನ್ನು ಹೊರಗೆ ಸಾಲಾಗಿ ಜೋಡಿಸಿ, ಊದುಬತ್ತಿ ಹಚ್ಚಿ, ಮುಖಕ್ಕೊಂದು ನಗು ತಂದುಕೊಂಡು ನಿಂತರು. ಇನ್ನು ಆ ಕುರ್ಚಿಯೊಂದನ್ನು ಬಚ್ಚಿಟ್ಟುಬಿಟ್ಟರೆ ಸಾಕು ಎಂದು ಒಂದು ಹೆಜ್ಜೆ ಇಟ್ಟರು, ಅಷ್ಟೇ.

ಆಟೋ ಒಂದು ಬಂದು ತೊಟ್ಟಿಯ ಮುಂದೆ ನಿಂತಿತು. ಹಿಂದೆಯೇ ಕಮಿಟಿಯ ಕಾರು. ಆಟೋದಿಂದ, ಮಲ್ಲೇಶ್ವರದ ತಂಗಿಯ ಮನೆಗೆ ಬೆಳಗಿನ ಜಾವವೇ ಹೋಗಿದ್ದ ದಾಕ್ಷಾಯಣಮ್ಮ ಮಂಡಿ ಹಿಡಿದುಕೊಂಡು ಇಳಿದರು.

“ಅಬ್ಬಬ್ಬಾ, ಈ ಟ್ರಾಫಿಕ್ಕಿಗೆ ಬೆಂಕಿ ಹಾಕ! ಯಾರಪ್ಪಾ ಕುರ್ಚಿ ಹಾಕಿದ ಪುಣ್ಯಾತ್ಮ?” ಎನ್ನುತ್ತ, ಮೇಲಿದ್ದ ಫೋಟೋ ಎತ್ತಿ ಮಡಿಲಲ್ಲಿಟ್ಟುಕೊಂಡು, ಸೇವಂತಿಗೆ ಹಾರದ ನಡುವೆ ಆರಾಮಾಗಿ ಕೂತುಬಿಟ್ಟರು. ಸುಬ್ಬಮ್ಮ ಕಿಟಾರನೆ ಕಿರುಚಿದಳು. ಆಂಜಿನಯ್ಯ ಅಂಗೈಯಿಂದ ಬಾಯಿ ಮುಚ್ಚಿಕೊಂಡರು.

ದಾಕ್ಷಾಯಣಮ್ಮ ಹಾರ ನೋಡಿದರು. ಮಡಿಲಿನ ಫೋಟೋ ನೋಡಿದರು. ತಲೆಯೆತ್ತಿ ಅರ್ಧ ಎಳೆದ ಶಟರುಗಳನ್ನು, ಅತ್ತು ಕೆಂಪಾದ ಕಣ್ಣುಗಳನ್ನು ಒಂದೊಂದಾಗಿ ನೋಡಿದರು. ಹಾರದ ಒಂದು ಸೇವಂತಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

“ನನಗಾ?” ಅಂದರು ಕೊನೆಗೆ. “ಇದೆಲ್ಲ ನನಗಾ?”

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. “ನಾನು ಹೋದ್ರೆ ನಾಯಿ ಕೂಡ ತಿರುಗಿ ನೋಡಲ್ಲ ಅಂದ್ಕೊಂಡಿದ್ನಲ್ರಯ್ಯಾ. ಎಂಥಾ ಪಾಪಿ ನಾನು! ಇಂಥಾ ಮಕ್ಕಳನ್ನ ಬೀದಿಗೆ ಹಾಕಿ ಬಿಲ್ಡರ್‌ಗೆ ಕೊಡ್ತಿದ್ನಲ್ಲ. ಕೊಡಲ್ಲ. ನಾನು ಇರೋವರ್ಗೂ ಕೊಡಲ್ಲ, ಆಮೇಲೂ ಯಾರೂ ಮುಟ್ಟದ ಹಾಗೆ ಬರೆದಿಡ್ತೀನಿ.”

ಕಾರಿನ ಪಕ್ಕ ನಿಂತಿದ್ದ ಯಶಶ್ರೀ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಬಾಡಿಗೆದಾರರು ಮನೆ ಒಡತಿಗೆ ಇಷ್ಟು ಮರ್ಯಾದೆ ಕೊಡೋ ಜಾಗ ನಾನೆಲ್ಲೂ ನೋಡಿಲ್ಲ. ಜೀವಂತ ಸರ್ಕಲ್ ಅಂದ್ರೆ ಇದೇ. ಬೋರ್ಡ್ ಖಂಡಿತಾ ಹಾಕೋಣ ಅಮ್ಮಾ.”

“ಫೋಟೋಗೆ ಫ್ರೇಮ್ ಎಷ್ಟು ಚೆನ್ನಾಗಿ ಹಾಕ್ಸಿದೀಯೋ ವೇಣು,” ಎನ್ನುತ್ತ ದಾಕ್ಷಾಯಣಮ್ಮ ಸಾಲಿನ ಉದ್ದಕ್ಕೂ ಪ್ರೀತಿಯಿಂದ ಕಣ್ಣು ಹಾಯಿಸಿದರು. ಆ ಕಣ್ಣು ತುದಿಯ ಅಂಗಡಿಗೆ ಬಂದು ನಿಂತಿತು. ಬಾಗಿಲು ಪೂರ್ತಿ ತೆರೆದಿತ್ತು. ದೀಪಗಳು ಝಗಝಗ ಉರಿಯುತ್ತಿದ್ದವು. ಮುಂದೆ ನಂಜುಂಡಯ್ಯ, ಗಿರಾಕಿಗೆಂದು ಇಟ್ಟುಕೊಂಡ ನಗುವನ್ನು ಇಳಿಸಲು ಮರೆತು ನಿಂತಿದ್ದರು.

“ಇವರೊಬ್ರು ವ್ಯಾಪಾರಕ್ಕೆ ಕೂತಿದಾರಲ್ಲ,” ಅಂದರು ದಾಕ್ಷಾಯಣಮ್ಮ. ದನಿ ಸಣ್ಣದಾಗಿತ್ತು. “ನನ್ ಹೆಣ ಹೋಗೋವರ್ಗೂ ತಡೆಯೋಕಾಗ್ಲಿಲ್ವಾ ನಂಜುಂಡಯ್ಯ? ನಿಮ್ಮಪ್ಪ ಹೋದಾಗ ನಾನು ಒಲೆ ಆರಿಸಿರ್ಲಿಲ್ಲವಲ್ಲಪ್ಪಾ.”

ನಂಜುಂಡಯ್ಯ ಬಾಯಿ ತೆರೆದರು. ಅಷ್ಟರಲ್ಲಿ ಆಂಜಿನಯ್ಯ ಅವರ ಮೊಣಕೈ ಹಿಡಿದು, ತುಟಿ ಅಲುಗದಂತೆ ಪಿಸುಗುಟ್ಟಿದರು: “ಹಲಗೆ ವಿಷಯ ಎತ್ತಿದ್ರೋ, ಎಲ್ರೂ ಬೀದಿಗೆ.”

ಅದು ನಿಜವೂ ಆಗಿತ್ತು. ಸುಬ್ಬಮ್ಮ ಕೈಮುಗಿದಿದ್ದಳು. ವೇಣುಗೋಪಾಲನ ಮುಖ ಬಿಳಿಚಿತ್ತು. ಆದರೆ ನಂಜುಂಡಯ್ಯನವರ ಬಾಯಿ ಕಟ್ಟಿದ್ದು ಅವರಾರೂ ಅಲ್ಲ, ಹೂವಿನ ನಡುವೆ ಕೂತ ಆ ಮುದುಕಿಯ ಮುಖ. ಅಷ್ಟು ಸಂತೋಷವನ್ನು ಆ ಮುಖದಲ್ಲಿ ಅವರು ಎಂದೂ ಕಂಡಿರಲಿಲ್ಲ. ಅಮ್ಮಾ, ನಿಮಗಾಗಿ ಯಾರೂ ಬಾಗಿಲು ಎಳೆಯಲಿಲ್ಲ, ಒಂದು ಹಲಗೆ ಊದಿಕೊಂಡಿತು ಅಷ್ಟೇ ಎಂದು ಹೇಗೆ ಹೇಳುವುದು?

“ತಪ್ಪಾಯ್ತಮ್ಮಾ,” ಅಂದರು.

“ತಿಂಗಳ ಕೊನೆಗೆ ಖಾಲಿ ಮಾಡಿ,” ಎಂದು ಹೇಳಿ ದಾಕ್ಷಾಯಣಮ್ಮ ಮುಖ ತಿರುಗಿಸಿಕೊಂಡರು.

ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ ಅಂತಾರೆ. ನಂಜುಂಡಯ್ಯ ಒಂದೇ ಬೆಳಿಗ್ಗೆ ಎರಡನ್ನೂ ಮುಗಿಸಿ, ಕಾಲು ಊದಿಸಿಕೊಂಡು ಅಂಗಡಿಯೊಳಗೆ ಹೋಗಿ ಕೂತರು. ಹೊರಗೆ ಕಮಿಟಿಯವರು ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು.

ಸ್ವಲ್ಪ ಹೊತ್ತಿಗೆ ಆಂಜಿನಯ್ಯ ಒಳಗೆ ಬಂದು, ತಾವೇ ಕಾಫಿ ಲೋಟ ಅವರ ಕೈಗೆ ಕೊಟ್ಟರು. ಕಣ್ಣಲ್ಲಿ ನೀರಿತ್ತು. “ನೀವು ಮನುಷ್ಯರಲ್ಲ ಕಣ್ರೀ, ದೇವರು. ನಮ್ಮನ್ನೆಲ್ಲ ಉಳಿಸಿಬಿಟ್ರಿ,” ಎಂದು ಭುಜ ಸವರಿದರು. ಆಮೇಲೆ ಅಂಗಡಿಯ ಉದ್ದಗಲವನ್ನು ಒಮ್ಮೆ ಕಣ್ಣಲ್ಲೇ ಅಳೆದು, ದನಿ ತಗ್ಗಿಸಿದರು.

“ಖಾಲಿ ಮಾಡೋಕೆ ಮುಂಚೆ ನಂಗೊಂದು ಮಾತು ಹೇಳಿ, ಆಯ್ತಾ? ನಮ್ಮ ಅಳಿಯ ಬಹಳ ದಿನದಿಂದ ಜಾಗ ಹುಡುಕ್ತಿದಾನೆ.”

ನಂಜುಂಡಯ್ಯ ಅವರ ಮುಖವನ್ನೇ ನೋಡಿದರು. ಅಲ್ಲಿ ಕಪಟವೇನೂ ಇರಲಿಲ್ಲ, ನಿಜವಾದ ವಿಶ್ವಾಸವೇ ಇತ್ತು.

“ಹೇಳ್ತೀನಿ ಬಿಡಿ,” ಎಂದು ಕಾಫಿ ಕುಡಿದರು.